ಕೃಷ್ಣೆಯ ಎತ್ತು, ಟೆಕ್ಸಾಸಿನ ಹುಲ್ಲು

ನಮ್ಮ ತವರುಮನೆಯಲ್ಲಿ ಆಕಳು ಈಯಿತೆಂದರೆ ಅವ್ವ ಅಡಿಗೆಮನೆಯಿಂದಲೇ ಕೂಗಿ ಕೇಳುತ್ತಿದ್ದಳು, "ಏನ ಹಾಕೇತಿ?" ಹೆಣ್ಣುಗರುವಾದರೆ ಅವ್ವನ ಮುಖ ಅರಳುತ್ತಿತ್ತು, ಹೋರಿಗರುವಾದರೆ ಅಪ್ಪನದು. ಅಂತೂ ಏನು ಹುಟ್ಟಿದರೂ ಮನೆಯಲ್ಲಿ ಒಬ್ಬರಿಗೆ ಸಂತೋಷ. ಈ ನ್ಯಾಯ ದನದ ಕೊಟ್ಟಿಗೆಯಲ್ಲಿ ಮಾತ್ರ ಇತ್ತು, ಪಕ್ಕದ ಬಾಣಂತಿ ಕೋಣೆಯಲ್ಲಿ ಇರಲಿಲ್ಲವೆಂಬುದು ನನಗೆ ತಿಳಿದದ್ದು ಆಮೇಲೆ.

ಊರು ಜಮಖಂಡಿಯ ಕಡೆ, ಕೃಷ್ಣೆಯ ದಂಡೆಗೆ ಹತ್ತಿರ. ಎರಿ ಹೊಲ. ಮಳೆ ಬಿದ್ದರೆ ಕಾಲು ಕಿತ್ತಿಡಲಾಗದು, ಒಣಗಿದರೆ ಅಂಗೈ ಹೋಗುವಷ್ಟು ಬಿರುಕು. ಆ ಮಣ್ಣನ್ನು ಹರಗಲು ಸಣ್ಣ ಎತ್ತಿನ ಕೈಲಾಗದು. ಅದಕ್ಕಾಗಿಯೇ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಸಾಂಗ್ಲಿ, ಮಿರಜ, ಜಮಖಂಡಿ ಮುಂತಾದ ದಕ್ಷಿಣ ಮರಾಠಾ ಸಂಸ್ಥಾನಗಳ ರಾಜರು ಕಾಠೇವಾಡದ ಗೀರ್, ಗುಜರಾತಿನ ಕಾಂಕ್ರೇಜ್, ಆಂಧ್ರದ ಒಂಗೋಲು ಹೋರಿಗಳನ್ನು ತರಿಸಿ ಇಲ್ಲಿಯ ದನಗಳೊಂದಿಗೆ ಕೂಡಿಸಿ ಒಂದು ಹೊಸ ತಳಿಯನ್ನೇ ಎಬ್ಬಿಸಿದರು. ಬಿಳಿಬೂದು ಮೈ, ದೊಡ್ಡ ಹಿಣಿಲು, ಜೋಲುವ ಗಂಗೆದೊಗಲು, ಸಾವಕಾಶದ ನಡೆ, ಶಾಂತ ಸ್ವಭಾವ. ಪುಸ್ತಕಗಳಲ್ಲಿ ಇದಕ್ಕೆ ಕೃಷ್ಣಾ ವ್ಯಾಲಿ ತಳಿ ಎನ್ನುತ್ತಾರೆ. ನಮ್ಮಪ್ಪನಿಗೆ ಆ ಹೆಸರು ಗೊತ್ತಿರಲಿಲ್ಲ. ಅವನ ಪಾಲಿಗೆ ಅವು "ನಮ್ಮ ಎತ್ತು", ಅಷ್ಟೇ.

ಹೋರಿಗರು ಹುಟ್ಟಿತೆಂದರೆ ಅಪ್ಪ ಅಂದಿನಿಂದಲೇ ಅದಕ್ಕೆ ಜೋಡಿ ಹುಡುಕತೊಡಗುತ್ತಿದ್ದ. ಬಣ್ಣ, ಎತ್ತರ, ಕೋಡಿನ ತಿರುವು ಹೊಂದಬೇಕು. ಸಂತೆಯಲ್ಲಿ ಬಾಯಿ ಬಿಡಿಸಿ ಹಲ್ಲು ಎಣಿಸುವುದು, ವಲ್ಲಿಯ ಕೆಳಗೆ ಬೆರಳು ಹಿಡಿದು ದಲಾಲಿಯೊಡನೆ ದರ ಮಾಡುವುದು, ಇವನ್ನೆಲ್ಲ ನಾನು ಅಪ್ಪನ ಹೆಗಲ ಮೇಲೆ ಕುಳಿತು ನೋಡಿದ್ದೇನೆ. ಹೋರಿಗೆ ಬೀಜ ಒಡೆಸುವ ಮಾತು ಮಾತ್ರ ಹೆಣ್ಣುಮಕ್ಕಳ ಕಿವಿಗೆ ಬೀಳಬಾರದೆಂದು ಗಂಡಸರು ದನಿ ತಗ್ಗಿಸುತ್ತಿದ್ದರು. ಆದರೂ ಬೀಳುತ್ತಿತ್ತು. ಎರಡು ಮೂರು ವರ್ಷ ತುಂಬಿ, ಕೊರಳು ದಪ್ಪಗಾಗಿ, ಹಿಣಿಲು ಬಲಿತ ಮೇಲೆಯೇ ಒಡೆಸಬೇಕು, ಅವಸರ ಮಾಡಿದರೆ ನೊಗಕ್ಕೆ ಬಲ ಬಾರದು ಎಂದು ಅಪ್ಪ ಹೇಳುತ್ತಿದ್ದ. ಈ ಮಾತನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಆ ಎತ್ತು ಹತ್ತು ಹನ್ನೆರಡು ವರ್ಷ ದುಡಿಯುತ್ತಿತ್ತು. ಕಾರ ಹುಣ್ಣಿಮೆಗೆ ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬಾಯಿಗೆ ಹೋಳಿಗೆ. ಮುದಿಯಾದ ಮೇಲೆ ಒಂದು ದಿನ ಗೋದಲಿಯ ಆ ಜಾಗ ಬರಿದಾಗಿರುತ್ತಿತ್ತು. "ಎಲ್ಲಿ ಹೋತವ್ವಾ?" ಎಂದರೆ "ಸಂತಿಗಿ" ಎನ್ನುತ್ತಿದ್ದಳು. ಸಂತೆಯಿಂದ ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಅವ್ವನೂ ಅಪ್ಪನನ್ನು ಕೇಳಿದ್ದು ನಾನು ಕಾಣೆ. ಗೆಜ್ಜೆಯ ಸರ ಮಾತ್ರ ಗೋಡೆಯ ಗೂಟಕ್ಕೆ ಮರಳಿ ಬರುತ್ತಿತ್ತು.

ಇದಿಷ್ಟೂ ನನಗೆ ಮರೆತೇಹೋಗಿತ್ತು. ಇತಿಹಾಸದ ಪಾಠ ಹೇಳುತ್ತ, ರಾಜಮನೆತನಗಳ ಇಸವಿಗಳನ್ನು ಬಾಯಿಪಾಠ ಮಾಡಿಸುತ್ತ ಕಾಲ ಕಳೆದವಳು ನಾನು. 1997ರ ವಸಂತದಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕದ ಹ್ಯೂಸ್ಟನ್ನಿಗೆ ಹೋಗಿದ್ದೆ. ಕೂಸಿಗೆ ಮೂರು ತಿಂಗಳಾಗುತ್ತಲೇ ಅಳಿಯಂದಿರು, "ಇಲ್ಲಿ ದೊಡ್ಡ ಜಾತ್ರೆ ಆಗತದ ಅತ್ತಿ, ದನದ ಜಾತ್ರಿ, ನೀವು ನೋಡಬೇಕು" ಎಂದು ಕರೆದೊಯ್ದರು. 1932ರಲ್ಲಿ 'ಫ್ಯಾಟ್ ಸ್ಟಾಕ್ ಷೋ', ಅಂದರೆ ಕೊಬ್ಬಿದ ದನಗಳ ಪ್ರದರ್ಶನ, ಎಂಬ ಹೆಸರಿನಿಂದ ಶುರುವಾದ ಜಾತ್ರೆಯಂತೆ. ಹೆಸರಿನಲ್ಲೇ ಎಲ್ಲ ಇತ್ತು, ನನಗೆ ಹೊಳೆಯಲಿಲ್ಲ.

ಒಳಗೆ ಕಾಲಿಟ್ಟವಳು ನಿಂತುಬಿಟ್ಟೆ. ಬಿಳಿಬೂದು ಮೈ, ಹಿಣಿಲು, ಗಂಗೆದೊಗಲು, ಜೋಲುಗಿವಿ. ಸಾಲಾಗಿ ಕಟ್ಟಿದ್ದರು. ಏಳು ಸಮುದ್ರದಾಚೆ ತವರಿನವರನ್ನು ಕಂಡಂತಾಗಿ ಕಣ್ಣು ತುಂಬಿ ಬಂತು. ಮೇಲೆ ಬರೆದಿದ್ದ ಹೆಸರು ನೋಡಿದರೆ 'ಬ್ರಾಹ್ಮನ್'! ಮಾಂಸಕ್ಕಾಗಿ ಸಾಕುವ ದನಕ್ಕೆ ಇಂಥ ಹೆಸರಿಟ್ಟವರ ಧೈರ್ಯಕ್ಕೆ ಏನೆನ್ನಬೇಕು? ನನ್ನ ಮಗಳು ನಕ್ಕೂ ನಕ್ಕೂ ಸುಸ್ತಾದಳು.

ಮರುದಿನವೇ ಅಲ್ಲಿಯ ಗ್ರಂಥಾಲಯಕ್ಕೆ ಹೋದೆ. ಮುದುಕಿಗೆ ದನದ ಪುಸ್ತಕವೇಕೆ ಎಂದು ಅಲ್ಲಿಯ ಹುಡುಗಿ ಕೇಳಲಿಲ್ಲ, ಅದು ಅವಳ ಒಳ್ಳೆಯತನ. ನನಗೆ ತಿಳಿದದ್ದು ಹೀಗೆ.

1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದಾಗ ಟೆಕ್ಸಾಸಿನ ಬಯಲುಗಳಲ್ಲಿ ಉದ್ದ ಕೋಡಿನ ದನಗಳಿಗೆ ಲೆಕ್ಕವಿರಲಿಲ್ಲ. ತಿನ್ನುವ ಜನ ಇದ್ದದ್ದು ಉತ್ತರದ ನಗರಗಳಲ್ಲಿ. 1867ರಲ್ಲಿ ಜೋಸೆಫ್ ಮೆಕಾಯ್ ಎಂಬ ವ್ಯಾಪಾರಿ ಕಾನ್ಸಾಸಿನ ಅಬಿಲೀನ್ ಎಂಬ ಊರಿನ ರೈಲುಹಳಿಯ ಪಕ್ಕದಲ್ಲಿ ದೊಡ್ಡಿ ಕಟ್ಟಿಸಿದ. ಸಿನಿಮಾಗಳಲ್ಲಿ ಕಾಣುವ ಕುದುರೆಯ ಮೇಲಿನ ದನಗಾಹಿಗಳು ಅಲ್ಲಿಯವರೆಗೆ ನೂರಾರು ಮೈಲಿ ದನ ಹೊಡೆದುಕೊಂಡು ಹೋಗುತ್ತಿದ್ದರು. ಆದರೆ ಟೆಕ್ಸಾಸಿನ ದನ ಹಾದುಹೋದ ದಾರಿಯಲ್ಲಿ ಉತ್ತರದವರ ದನ ಜ್ವರ ಬಂದು ಸಾಯತೊಡಗಿದವು. ತಂದ ದನಕ್ಕೆ ಏನೂ ಆಗುತ್ತಿರಲಿಲ್ಲ. ಇದು ಮಾಟವೇ ಎಂಬಂತಿತ್ತು. ಉಣ್ಣಿ ಕಚ್ಚುವುದರಿಂದ ಈ ಜ್ವರ ಹರಡುತ್ತದೆಂದು ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬ ವಿಜ್ಞಾನಿಗಳು 1893ರಲ್ಲಿ ಪ್ರಕಟಿಸಿದರು. ಕೀಟವೊಂದು ರೋಗ ಹೊತ್ತು ತರಬಲ್ಲದೆಂದು ಸೊಳ್ಳೆ ಮಲೇರಿಯಾಗಳ ಸಂಬಂಧ ತಿಳಿಯುವುದಕ್ಕೂ ಮೊದಲೇ ತೋರಿಸಿಕೊಟ್ಟದ್ದು ದನದ ಉಣ್ಣಿ!

ಇತ್ತ ಟೆಕ್ಸಾಸಿನ ಕರಾವಳಿಯವರು ಹೆಚ್ಚು ಮಾಂಸದ ಆಸೆಗೆ ಇಂಗ್ಲೆಂಡಿನ ಹೆರ್ಫರ್ಡ್, ಷಾರ್ಟ್‌ಹಾರ್ನ್ ದನ ತಂದರೆ ಅವು ಬಿಸಿಲಿಗೆ ತೇಕುತ್ತ ಉಣ್ಣಿಗೆ ಬಲಿಯಾಗುತ್ತಿದ್ದವು. ಏಬಲ್ ಪಿಯರ್ಸ್ ಎಂಬ ದೊಡ್ಡ ಜಮೀನ್ದಾರನಿಗೆ ಭಾರತದ ದನದ ಮೇಲೆ ಕಣ್ಣು ಬಿತ್ತು. ನಮ್ಮ ದನದ ಕೂದಲು ಗಿಡ್ಡ, ಚರ್ಮ ಸಡಿಲ, ಬೆವರುವುದು ಹೆಚ್ಚು, ಉಣ್ಣಿಗೆ ಜಗ್ಗುವುದಿಲ್ಲ. 1900ರಲ್ಲಿ ಆತ ತೀರಿಕೊಂಡ. ಅವನ ಆಸೆ ತೀರಿಸಿದವನು ಸೋದರಳಿಯ ಬಾರ್ಡನ್. 1906ರಲ್ಲಿ ಆತ ಹಡಗಿನಲ್ಲಿ ದನ ತರಿಸಿದಾಗ ನ್ಯೂಯಾರ್ಕ್ ಬಂದರಿನ ಒಂದು ಸಣ್ಣ ದ್ವೀಪದಲ್ಲಿ ಅವನ್ನು ತಡೆದು ಪರೀಕ್ಷಿಸಿದರು. ಕೆಲವಕ್ಕೆ ಸರ್ರಾ ರೋಗ ಕಂಡಿತು, ಅವನ್ನು ಅಲ್ಲಿಯೇ ಕೊಂದರು. ಕೊನೆಗೆ ಟೆಕ್ಸಾಸ್ ಮುಟ್ಟಿದ್ದು 30 ಹೋರಿ, 3 ಹೆಣ್ಣು.

ಮೂರೇ ಹೆಣ್ಣು! ಆ ಅಂಕಿಯ ಮೇಲೆ ನಾನು ಬಹಳ ಹೊತ್ತು ಬೆರಳಿಟ್ಟುಕೊಂಡು ಕುಳಿತಿದ್ದೆ. ಅದಕ್ಕೂ ಮೊದಲು, ಆಮೇಲೆ ಬಂದವನ್ನೆಲ್ಲ ಸೇರಿಸಿದರೂ ಒಟ್ಟು 300 ದಾಟುವುದಿಲ್ಲ, ಅದರಲ್ಲಿ ಹೆಚ್ಚಿನವು ಹೋರಿಗಳೇ. ಅಲ್ಲಿಯ ಆಕಳುಗಳಿಗೆ ಈ ಹೋರಿ ಬಿಟ್ಟು, ಹುಟ್ಟಿದ ಕಡಸಿಗೆ ಮತ್ತೆ ಇವೇ ಹೋರಿ ಬಿಟ್ಟು, ತಲೆಮಾರು ತಲೆಮಾರಾಗಿ ಕಟ್ಟಿದ ತಳಿ ಅದು. ಗುಜರಾತಿನದು, ನೆಲ್ಲೂರಿನದು, ಗೀರ್, ಸ್ವಲ್ಪ ಮಟ್ಟಿಗೆ ನಮ್ಮ ಕೃಷ್ಣಾ ವ್ಯಾಲಿ, ಇಷ್ಟೂ ರಕ್ತ ಅದರಲ್ಲಿದೆ. 1924ರಲ್ಲಿ ಸಂಘ ಮಾಡಿಕೊಂಡು 'ಬ್ರಾಹ್ಮನ್' ಎಂದು ನಾಮಕರಣ ಮಾಡಿದರು. ಟೆಕ್ಸಾಸಿನ ಕಿಂಗ್ ರ್‍ಯಾಂಚಿನವರು ಇದನ್ನು ಷಾರ್ಟ್‌ಹಾರ್ನ್‌ನೊಂದಿಗೆ ಬೆರೆಸಿ ಮಾಡಿದ ಸಾಂತಾ ಗರ್ಟ್ರೂಡಿಸ್ ತಳಿಗೆ 1940ರಲ್ಲಿ ಸರಕಾರದ ಮನ್ನಣೆ ಸಿಕ್ಕಿತು. ಅದರ ಮೂಲಪುರುಷ 1920ರಲ್ಲಿ ಹುಟ್ಟಿದ ಒಂದು ಹೋರಿ, ಹೆಸರು ಮಂಕಿ!

ಇನ್ನು ಸಾಕುವ ಕ್ರಮ. ಕರು ಆರೆಂಟು ತಿಂಗಳು ತಾಯಿಯ ಹಾಲನ್ನು ಪೂರ್ತಿ ಕುಡಿಯುತ್ತದೆ, ಹಿಂಡುವವರೇ ಇಲ್ಲ. ಈ ಒಂದು ವಿಷಯದಲ್ಲಿ ಅಲ್ಲಿಯ ಕರು ನಮ್ಮ ಕರುವಿಗಿಂತ ಪುಣ್ಯವಂತ. ಹಾಲು ಬಿಡಿಸುವಾಗ ಸುಮಾರು 225 ಕಿಲೋ ತೂಗುತ್ತದೆ. ಗಂಡು ಕರುವಿಗೆ ಬೀಜ ಒಡೆಯುವುದು ಎಳೆಯದಿರುವಾಗಲೇ, ಹುಟ್ಟಿದ ಕೆಲವು ವಾರ ತಿಂಗಳುಗಳೊಳಗೆ. ತಡಮಾಡಿದರೆ ಕೊರಳು ದಪ್ಪಗಾಗಿ ಮಾಂಸ ಗಡುಸಾಗುತ್ತದಂತೆ. ಅಪ್ಪ ಯಾವುದಕ್ಕಾಗಿ ಮೂರು ವರ್ಷ ಕಾಯುತ್ತಿದ್ದನೋ ಅದನ್ನೇ ಬೇಡವೆಂದು ಇವರು ಮೊದಲೇ ಮಾಡಿ ಮುಗಿಸುತ್ತಾರೆ. ಆಮೇಲೆ ಕೆಲವು ತಿಂಗಳು ಹುಲ್ಲುಗಾವಲು, ಕೊನೆಗೆ ಸಾವಿರಾರು ದನಗಳನ್ನು ಒಟ್ಟಿಗೆ ಕೂಡಿಹಾಕಿ ಮೆಕ್ಕೆಜೋಳ ತಿನ್ನಿಸುವ ದೊಡ್ಡಿ. ಅಲ್ಲಿ ನಾಲ್ಕರಿಂದ ಆರು ತಿಂಗಳು. ಸುಮಾರು 600 ಕಿಲೋ ಆದಾಗ, ಎರಡು ವರ್ಷ ತುಂಬುವ ಮೊದಲೇ, ಅದರ ಆಯುಷ್ಯ ಮುಗಿಯುತ್ತದೆ. ನಮ್ಮ ಎತ್ತಿಗೆ ಇನ್ನೂ ಮೂಗುದಾರ ಹಾಕುವ ವಯಸ್ಸು! ಇಂಥ ಗಂಡಿಗೆ ಅವರು 'ಸ್ಟಿಯರ್' ಎನ್ನುತ್ತಾರೆ. ನಿಘಂಟಿನಲ್ಲಿ ಎತ್ತು ಎಂದಿದೆ. ನೊಗವನ್ನೇ ಕಾಣದ್ದನ್ನು ಎತ್ತು ಎನ್ನಲು ನನ್ನ ನಾಲಿಗೆ ಏಳಲಿಲ್ಲ.

ಕಡಸುಗಳದು ಬೇರೆ ಕತೆ. ಒಳ್ಳೆಯ ಕಡಸನ್ನು ತಾಯಿಯಾಗಲು ಉಳಿಸಿಕೊಳ್ಳುತ್ತಾರೆ, ಎರಡು ವರ್ಷಕ್ಕೆ ಈಯುತ್ತದೆ. ಮಿಕ್ಕವು ಅಣ್ಣತಮ್ಮಂದಿರ ಜೊತೆ ದೊಡ್ಡಿಗೆ. ಬ್ರಾಹ್ಮನ್ ಹೋರಿಗೂ ಹೆರ್ಫರ್ಡ್ ಆಕಳಿಗೂ ಹುಟ್ಟಿದ, ಮೈಮೇಲೆ ಹುಲಿಪಟ್ಟೆ ಇರುವ ಕಡಸಿಗೆ ಸಮುದ್ರತೀರದ ರೈತರು ಹೆಚ್ಚಿನ ಬೆಲೆ ಕೊಡುತ್ತಾರೆ. ಬಿಸಿಲು ತಡೆಯುತ್ತದೆ, ಸುಲಭವಾಗಿ ಈಯುತ್ತದೆ, ಕರುವನ್ನು ಬಿಟ್ಟುಕೊಡುವುದಿಲ್ಲ. ಅದೇ ಹಿಣಿಲು, ಅದೇ ಜೋಲುಗಿವಿ ಗಂಡಿಗಿದ್ದರೆ, ಮಾಂಸ ಅಷ್ಟು ಮೆದುವಲ್ಲವೆಂದು ಬೆಲೆ ಇಳಿಸುತ್ತಾರೆ. ನಮ್ಮ ಕಡೆಯ ಹೆಣ್ಣಿಗೆ ಅಲ್ಲಾದರೂ ಹೆಚ್ಚಿನ ಮರ್ಯಾದೆ ಸಿಕ್ಕಿತಲ್ಲ ಎಂದುಕೊಂಡೆ.

ಜಾತ್ರೆಗೆ ಇನ್ನೊಮ್ಮೆ ಹೋದೆ, ಈ ಸಲ ನಾನೇ ಹಟ ಹಿಡಿದು. ಮಕ್ಕಳು ಸಾಕಿದ ದನಗಳ ಸ್ಪರ್ಧೆ ಇತ್ತು. ಹದಿಮೂರು ಹದಿನಾಲ್ಕರ ಒಬ್ಬ ಹುಡುಗಿ ತನ್ನ ಗಂಡಿಗೆ ಮೈ ತೊಳೆದು, ನಾವು ಕೂದಲು ಒಣಗಿಸುವಂಥದೇ ಯಂತ್ರದಿಂದ ಗಾಳಿ ಹಿಡಿದು, ಬಾಚುತ್ತಿದ್ದಳು. ಬ್ರಾಹ್ಮನ್ ರಕ್ತದ ದನ. ಅದು ಅವಳ ಹೆಗಲ ಮೇಲೆ ಗದ್ದವೂರಿ ನಿಂತಿತ್ತು. ಕಡಸು ಸಾಕಿದ ಮಕ್ಕಳು ಅವನ್ನು ಮನೆಗೆ ಕರೆದೊಯ್ಯುತ್ತಾರೆ. ಹರಾಜಾದ ಗಂಡು ಮರಳುವುದಿಲ್ಲ. ಬಂದ ಹಣ ಹುಡುಗಿಯ ಕಾಲೇಜಿಗೆ.

"ನಿನಗೆ ದುಃಖವಾಗುವುದಿಲ್ಲವೇನಮ್ಮಾ?" ಎಂದು ಕೇಳಿದೆ.

"ಆಗುತ್ತದೆ" ಎಂದಳು ಕೈ ನಿಲ್ಲಿಸದೆ. "ಇವನು ಮನೆಗೆ ಬಂದ ದಿನವೇ ಅಮ್ಮ ಹೇಳಿದ್ದಳು, ಎಲ್ಲಿಗೆ ಹೋಗುತ್ತಾನೆಂದು."

ಸಂಜೆ ಅವಳ ಕೈಯಲ್ಲಿ ಬರೀ ಹಗ್ಗವಿತ್ತು. ತಂದೆಯ ಎದೆಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಆತ ಸುಮ್ಮನೆ ಬೆನ್ನು ಸವರುತ್ತಿದ್ದ. ಅವಳ ಅಮ್ಮನ ಮೇಲೆ ನನಗೆ ಮೊದಲು ಸಿಟ್ಟು ಬಂತು. ಎಳೆಯ ಮಗುವಿಗೆ ಹಾಗೆ ಹೇಳುವುದುಂಟೆ? ರಾತ್ರಿ ನಿದ್ದೆ ಬರದೆ ಮಲಗಿದ್ದಾಗ "ಸಂತಿಗಿ" ಎಂಬ ನಮ್ಮವ್ವನ ಮಾತು ಕಿವಿಯಲ್ಲಿ ಕೇಳಿಸಿತು. ಯಾವ ತಾಯಿ ಮಗಳಿಗೆ ಹೆಚ್ಚು ಕರುಣೆ ತೋರಿದಳೆಂದು ಆಗಲೂ ನನಗೆ ತೀರ್ಮಾನವಾಗಲಿಲ್ಲ, ಈಗಲೂ ಆಗಿಲ್ಲ. ನಾನಂತೂ ಆ ಮಾಂಸ ಮುಟ್ಟಿದವಳಲ್ಲ, ಮುಟ್ಟುವವಳೂ ಅಲ್ಲ. ಆದರೆ ನಮ್ಮ ಗೋದಲಿಯಿಂದ ಹೊರಟ ಎತ್ತುಗಳಿಗೂ ಒಂದು ಕೊನೆ ಇದ್ದೀತಲ್ಲ.

ಆ ವರ್ಷ ಊರಿಗೆ ಬಂದಾಗ ತಮ್ಮನ ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರ್ ನಿಂತಿತ್ತು, ಅದರ ಪಕ್ಕದಲ್ಲಿ ಎರಡು ಜರ್ಸಿ ಆಕಳು. ಹೋರಿಗರು ಹುಟ್ಟಿದರೆ ಈಗ ಯಾರ ಮುಖವೂ ಅರಳುವುದಿಲ್ಲವೆಂದು ತಮ್ಮನ ಹೆಂಡತಿ ಹೇಳಿದಳು. ರಾಜರು ಕಟ್ಟಿದ ಆ ತಳಿಯ ದನ ಇಂದು ನಮ್ಮ ಸೀಮೆಯಲ್ಲೇ ತೀರ ಅಪರೂಪವಾಗಿದೆ.

ಅಪ್ಪನಿಗೆ ಆಗ ಎಂಬತ್ತು ದಾಟಿತ್ತು. ಹ್ಯೂಸ್ಟನ್ನಿನಲ್ಲಿ ತೆಗೆದ ಫೋಟೊ ಕೈಗೆ ಕೊಟ್ಟೆ. ಬಿಸಿಲಿಗೆ ಹಿಡಿದು, ಹಿಣಿಲಿನ ಮೇಲೆ ಬೆರಳಾಡಿಸಿ, "ನಮ್ಮ ಎತ್ತಽ ಐತಲ್ಲ ಇದು! ಅಲ್ಲೀತನಕ ಹ್ಯಾಂಗ ಹೋತು?" ಎಂದ. ಹಡಗಿನ ಕತೆ ಹೇಳಿದೆ, ಉಣ್ಣಿಯ ಕತೆ ಹೇಳಿದೆ. ತಲೆದೂಗಿದ. ಆಮೇಲೆ ಫೋಟೊ ತಿರುವಿ ಹಿಂದೆ ನೋಡಿ, ಮತ್ತೆ ಮುಂದೆ ನೋಡಿ, ಕೇಳಿದ:

"ಒಂದಽ ಐತಲ್ಲವ್ವಾ. ಇದರ ಜೋಡಿ ಎಲ್ಲಿ?"

"ಫೋಟೊದಾಗ ಬಂದಿಲ್ಲಪ್ಪಾ" ಎಂದೆ.