ಕೃಷ್ಣಾತೀರದಲ್ಲಿ ಅಭಿವೃದ್ಧಿ ನೌಕರರ ಶಿಕ್ಷಣ: ಒಂದು ಐತಿಹಾಸಿಕ ಅವಲೋಕನ

ಬೆಳಗಾವಿ ಜಿಲ್ಲೆಯ ಉಗಾರ ಖುರ್ದ ಕೃಷ್ಣಾನದಿಯ ದಂಡೆಯ ಮೇಲಿನ ಊರು. ಹಿಂದೆ ಅಥಣಿ ತಾಲ್ಲೂಕಿಗೆ ಸೇರಿದ್ದ ಇದು ಈಗ ಕಾಗವಾಡ ತಾಲ್ಲೂಕಿನಲ್ಲಿದೆ. ಹೆಸರಿನಲ್ಲಿ ಚಿಕ್ಕದು (ಖುರ್ದ ಎಂಬ ಪಾರಸಿ ಶಬ್ದಕ್ಕೆ ಅದೇ ಅರ್ಥ, ನೆರೆಯ ಉಗಾರ ಬುದ್ರುಕ ಹಿರಿಯದು), ಆದರೆ 1939ರಲ್ಲಿ ಸ್ಥಾಪನೆಗೊಂಡ ಸಕ್ಕರೆ ಕಾರಖಾನೆಯಿಂದ ಪ್ರಸಿದ್ಧಿಯಲ್ಲಿ ದೊಡ್ಡದು. 2019ರ ಬೇಸಗೆಯಲ್ಲಿ ಈ ಭಾಗದ ಕೃಷ್ಣೆಯ ಪಾತ್ರವು ಬತ್ತಿಹೋಗಿ, ಕೊಯ್ನಾ ಜಲಾಶಯದಿಂದ ನೀರು ಬಿಡಬೇಕೆಂದು ಕರ್ನಾಟಕವು ಮಹಾರಾಷ್ಟ್ರವನ್ನು ಕೇಳಿಕೊಳ್ಳಬೇಕಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ನದಿ ಉಕ್ಕಿ ತೀರದ ಊರುಗಳನ್ನು ಮುಳುಗಿಸಿತು. ಮೂರು ತಿಂಗಳ ಅಂತರದಲ್ಲಿ ಬರವನ್ನೂ ನೆರೆಯನ್ನೂ ಎದುರಿಸಬೇಕಾದ ಸರಕಾರಿ ನೌಕರನಿಗೆ ಪೂರ್ವದಲ್ಲಿ ಏನನ್ನು ಕಲಿಸಲಾಗಿತ್ತು? ಈ ಪ್ರಶ್ನೆಯನ್ನು ಇತಿಹಾಸದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲ ಪಾಠಪುಸ್ತಕವು ಕ್ಷಾಮಸಂಹಿತೆಯೇ ಎನ್ನಬಹುದು. 1876-78ರ ಭೀಕರ ಬರಗಾಲದ ತರುವಾಯ ನೇಮಕವಾದ ಆಯೋಗವು 1880ರಲ್ಲಿ ವರದಿಯನ್ನೊಪ್ಪಿಸಿತು; ಅದನ್ನನುಸರಿಸಿ ಪ್ರಾಂತಗಳಲ್ಲಿ ಕ್ಷಾಮಸಂಹಿತೆಗಳು ರಚಿತವಾದವು. ಮಾಮಲೇದಾರನಿಂದ ಕುಲಕರ್ಣಿಯವರೆಗೆ ಯಾರು ಯಾವಾಗ ಏನು ಮಾಡತಕ್ಕದ್ದೆಂಬುದನ್ನು ಅವು ವಿಧಿಸಿದವು. ಮಳೆಯ ಲೆಕ್ಕ, ಧಾನ್ಯದ ಧಾರಣೆ, ಊರು ಬಿಟ್ಟು ಹೋಗುವವರ ಸಂಖ್ಯೆ, ಇವುಗಳಿಂದ ಬರದ ಬರವನ್ನು ಮುಂಚಿತವಾಗಿ ಗುರುತಿಸುವ ಕ್ರಮ ಅವುಗಳಲ್ಲಿದೆ. ಪ್ರತ್ಯೇಕ ತರಗತಿಯೆಂಬುದಿರಲಿಲ್ಲ. ಆದರೂ ನೌಕರನ ಕಣ್ಣನ್ನು ಆಕಾಶದ ಕಡೆಗೂ ಸಂತೆಯ ಕಡೆಗೂ ಏಕಕಾಲದಲ್ಲಿ ತಿರುಗಿಸಿದ ಆ ವಿಧಾನವನ್ನು ಇಂದಿನ ಅನೇಕ ಕೈಪಿಡಿಗಳು ಮೀರಿಸಿಲ್ಲವೆಂದೇ ನಮ್ಮ ಅಭಿಪ್ರಾಯ.

ಎರಡನೆಯ ಘಟ್ಟ ಒಣಬೇಸಾಯದ್ದು. 1933ರಲ್ಲಿ ಸೊಲ್ಲಾಪುರ ಮತ್ತು ಬಿಜಾಪುರಗಳಲ್ಲಿ ಒಣಬೇಸಾಯದ ಸಂಶೋಧನ ಕೇಂದ್ರಗಳು ಆರಂಭವಾದವು. ಎನ್. ವಿ. ಕಾನಿಟಕರ ಅವರು ಮುಂದಾಳಾಗಿದ್ದ ಈ ಕಾರ್ಯದಿಂದ ಬದು ಹಾಕುವುದು, ಸಾಲುಗಳ ನಡುವೆ ಹೆಚ್ಚು ಅಂತರವಿಟ್ಟು ಬಿತ್ತುವುದು, ಪದೇ ಪದೇ ಕುಂಟೆ ಹೊಡೆದು ತೇವವನ್ನು ಉಳಿಸುವುದು ಮುಂತಾದವುಗಳನ್ನೊಳಗೊಂಡ ಮುಂಬಯಿ ಪದ್ಧತಿ ರೂಪುಗೊಂಡಿತು. ಹೊಲಕ್ಕೆ ಒಡ್ಡು ಹಾಕುವುದನ್ನು ಈ ಸೀಮೆಯ ಒಕ್ಕಲಿಗನಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಹೊಸದೆಂದರೆ ಸಮಪಾತಳಿಯ ಅಳತೆ, ಮತ್ತು ಹೊಲದ ಮೇರೆಯನ್ನು ಮೀರಿ ಇಡೀ ಹಳ್ಳದ ಜಲಾನಯನವನ್ನು ಒಂದಾಗಿ ಕಾಣುವ ದೃಷ್ಟಿ. 1942ರ ಮುಂಬಯಿ ಭೂಸುಧಾರಣಾ ಯೋಜನೆಗಳ ಕಾಯಿದೆಯು ಇದಕ್ಕೆ ಶಾಸನದ ಬಲವನ್ನಿತ್ತಿತು.

1952ರ ಅಕ್ಟೋಬರ್ 2ರಂದು ಸಮುದಾಯ ವಿಕಾಸ ಯೋಜನೆ ಪ್ರಾರಂಭವಾದಾಗ ನೂರು ಹಳ್ಳಿಗಳ ಘಟಕಕ್ಕೆ ಹತ್ತು ಮಂದಿ ಗ್ರಾಮಸೇವಕರೆಂಬ ಲೆಕ್ಕವಿತ್ತು. ಮೊದಮೊದಲು ಅವರ ಶಿಕ್ಷಣದ ಅವಧಿ ಆರು ತಿಂಗಳು. ಗೊಬ್ಬರದ ಗುಂಡಿಯಿಂದ ಸಿಡುಬಿನ ಲಸಿಕೆಯವರೆಗೆ ಎಲ್ಲವನ್ನೂ ಅಷ್ಟರಲ್ಲಿ ಕಲಿಯಬೇಕು! ಮಣ್ಣು ನೀರುಗಳ ವಿಷಯ ಮೇಲೆ ಮೇಲೆ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ.

ಈ ಕೊರತೆಯನ್ನು ತುಂಬಿದ್ದು 1954ರಲ್ಲಿ ಬಳ್ಳಾರಿಯಲ್ಲಿ ತೆರೆದ ಭೂಸಂರಕ್ಷಣಾ ಸಂಶೋಧನ, ಪ್ರಾತ್ಯಕ್ಷಿಕ ಹಾಗೂ ತರಬೇತಿ ಕೇಂದ್ರ. ಇದರ ವೈಶಿಷ್ಟ್ಯವೇನೆಂದರೆ, ಕಲಿಸುವವರೇ ಪ್ರಯೋಗವನ್ನೂ ಮಾಡುತ್ತಿದ್ದರು. ಸಮಪಾತಳಿ ಬದು ಹಗುರ ಭೂಮಿಯಲ್ಲಿ ಫಲಕಾರಿ. ಆದರೆ ಆಳವಾದ ಎರೆಭೂಮಿಯಲ್ಲಿ ನೀರು ಬೇಗನೆ ಇಂಗದೆ ಬದುವಿನ ಮೇಲ್ಗಡೆ ನಿಂತು ಬೆಳೆ ಕೊಳೆಯುತ್ತದೆ. ಬೇಸಗೆಯಲ್ಲಿ ಬಿರುಕುಬಿಟ್ಟ ಬದುವು ಮುಂದಿನ ಮಳೆಗೆ ಒಡೆಯುತ್ತದೆ. ಇಂಥ ನೆಲಕ್ಕೆ ಅಲ್ಪ ಇಳಿಜಾರುಳ್ಳ, ಹೆಚ್ಚುನೀರನ್ನು ಮೆಲ್ಲಗೆ ಹೊರಗೊಯ್ಯುವ ಬದುವೇ ಯೋಗ್ಯವೆಂಬುದು ಬಳ್ಳಾರಿಯ ಅನುಭವ. ನೀರನ್ನು ಹಿಡಿ ಎಂದಷ್ಟೇ ಕಲಿತಿದ್ದ ನೌಕರವರ್ಗಕ್ಕೆ ನೀರನ್ನು ಬಿಡುವುದೂ ಒಂದು ವಿದ್ಯೆಯೆಂಬ ಪಾಠ ಮೊತ್ತಮೊದಲು ಇಲ್ಲಿ ದೊರೆಯಿತೆಂದು ನಾವು ಭಾವಿಸುತ್ತೇವೆ.

ಆ ಪಾಠ ಉಗಾರದ ಪರಿಸರಕ್ಕೆ ಬೇಕಾಗಿಯೇ ಇತ್ತು. ನದಿಯಿಂದ ನೀರೆತ್ತಿ ಕಬ್ಬು ಬೆಳೆಯುವುದು ಹೆಚ್ಚಿದಂತೆ ತೀರದ ಎರೆಹೊಲಗಳಲ್ಲಿ ಅಂತರ್ಜಲ ಮೇಲೇರಿ, ಉಪ್ಪು ಹೊರಹೊಮ್ಮಿ, ಭೂಮಿ ಸವಳಾಯಿತು. ಅದೇ ಅಥಣಿ ಸೀಮೆಯ ಪೂರ್ವಭಾಗದ ಹಳ್ಳಿಗಳು ಕುಡಿಯುವ ನೀರಿಗೂ ಪರದಾಡಿದವು. 1980ರ ದಶಕದಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಜಲ ಮತ್ತು ನೆಲ ನಿರ್ವಹಣ ಸಂಸ್ಥೆ, ಅಂದರೆ ವಾಲ್ಮಿ, ನೀರಾವರಿಯ ಇಂಜಿನಿಯರನನ್ನೂ ಕೃಷಿ ಅಧಿಕಾರಿಯನ್ನೂ ಒಂದೇ ಕೊಠಡಿಯಲ್ಲಿ ಕೂಡಿಸಿತು. ಕಾಲುವೆ ತೋಡುವ ಇಲಾಖೆಯೊಂದು, ಸವಳಿಗೆ ಮದ್ದು ಹುಡುಕುವ ಇಲಾಖೆ ಬೇರೊಂದು ಎಂಬ ಸ್ಥಿತಿಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಹವಾಮಾನ ಬದಲಾವಣೆಯೆಂಬ ಪದ ಪಠ್ಯಕ್ರಮದಲ್ಲಿ ಪ್ರಧಾನವಾದದ್ದು 2008ರ ಜೂನ್ 30ರಂದು ರಾಷ್ಟ್ರೀಯ ಕ್ರಿಯಾಯೋಜನೆ ಪ್ರಕಟವಾದ ಮೇಲೆ. ರಾಜ್ಯಗಳೂ ತಮ್ಮ ತಮ್ಮ ಯೋಜನೆಗಳನ್ನು ರೂಪಿಸಿದವು. ಕರ್ನಾಟಕದಲ್ಲಿ ಬೆಂಗಳೂರಿನ ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆ ಆ ಹೊಣೆಯನ್ನು ಹೊತ್ತಿತು. ವಿಷಯದ ವ್ಯಾಪ್ತಿ ಭೂಮಂಡಲದಷ್ಟಾಯಿತು. ಆದರೆ ನೌಕರನು ಕೆಲಸ ಮಾಡತಕ್ಕದ್ದು ತನ್ನ ಹೋಬಳಿಯಲ್ಲಿ. ಇಂಗಾಲದ ಪ್ರಮಾಣವನ್ನು ತಿಳಿದವನಿಗೆ ತನ್ನೂರ ಸೇತುವೆಯ ಬಳಿ ನದಿ ಎಷ್ಟು ಏರಿದಾಗ ಯಾವ ಓಣಿಗೆ ನೀರು ನುಗ್ಗುತ್ತದೆಂಬುದು ತಿಳಿಯದಿದ್ದರೆ ಶಿಕ್ಷಣ ಅರ್ಧಕ್ಕೆ ನಿಂತಂತೆಯೇ ಸರಿ.

ಇನ್ನೊಂದು ಅಂಶವನ್ನು ಇತಿಹಾಸಕಾರರು ಅಷ್ಟಾಗಿ ಗಮನಿಸಿದಂತಿಲ್ಲ. 1948ರ ಮಾರ್ಚಿನಲ್ಲಿ ಸಾಂಗಲಿ, ಮಿರಜ ಮೊದಲಾದ ಸಂಸ್ಥಾನಗಳು ಮುಂಬಯಿಯಲ್ಲಿ ವಿಲೀನವಾದಂದಿನಿಂದ 1956ರ ಅಕ್ಟೋಬರ್ ಕೊನೆಯವರೆಗೆ, ಮಹಾಬಳೇಶ್ವರದ ಉಗಮದಿಂದ ಬಿಜಾಪುರ ಜಿಲ್ಲೆಯವರೆಗಿನ ಕೃಷ್ಣಾತೀರದ ಬಹುಭಾಗವು ಒಂದೇ ರಾಜ್ಯದ ಆಡಳಿತದಲ್ಲಿತ್ತು. ಮೇಲಿನವರಿಗೂ ಕೆಳಗಿನವರಿಗೂ ಇಲಾಖೆಯೊಂದೇ, ಕಾಯಿದೆಯೊಂದೇ. ನವೆಂಬರ್ 1ರಿಂದ ನದಿಯ ಮೇಲ್ಭಾಗ ಒಂದು ರಾಜ್ಯಕ್ಕೂ ಕೆಳಭಾಗ ಇನ್ನೊಂದಕ್ಕೂ ಹಂಚಿಹೋಯಿತು. ಮುಂದೆ ಶಿಕ್ಷಣಸಂಸ್ಥೆಗಳೂ ಹಾಗೆಯೇ ಬೇರೆಬೇರೆಯಾದವು. ಮೇಲಿನವರಿಗೆ ಔರಂಗಾಬಾದಿನ ವಾಲ್ಮಿ, ಕೆಳಗಿನವರಿಗೆ ಧಾರವಾಡದ್ದು. 2005ರ ಮತ್ತು 2019ರ ಪ್ರವಾಹಗಳಲ್ಲಿ ಆಲಮಟ್ಟಿಯ ಹಿನ್ನೀರೇ ಕಾರಣವೆಂದು ಸಾಂಗಲಿಯ ಕಡೆಯವರೂ, ಮೇಲಿನ ಜಲಾಶಯಗಳಿಂದ ಒಮ್ಮೆಲೇ ಬಿಟ್ಟ ನೀರೇ ಕಾರಣವೆಂದು ಈ ಕಡೆಯವರೂ ವಾದಿಸಿದ್ದುಂಟು. ಉಗಾರದಿಂದ ಮಿರಜಕ್ಕೆ ರೈಲಿನಲ್ಲಿ ಕೆಲವೇ ನಿಲ್ದಾಣಗಳ ದಾರಿ.