ಒಂದು ಬಟ್ಟಲಿನ ಲೆಕ್ಕ

ತೆರೆಯ ಮೇಲೆ ತಿಗರಿ ತಿರುಗುವುದನ್ನು ನೋಡುವುದೇ ಒಂದು ಸೊಗಸು. ಒದ್ದೆ ಮಣ್ಣಿನ ಮುದ್ದೆ ಎರಡು ಅಂಗೈಗಳ ನಡುವೆ ಮೇಲೇಳುತ್ತದೆ, ಬಾಯಿ ತೆರೆಯುತ್ತದೆ, ಅರೆ ನಿಮಿಷದಲ್ಲಿ ಬಟ್ಟಲಾಗುತ್ತದೆ. ಕ್ಯಾಮೆರಾ ಅಲ್ಲಿಂದ ಮುಂದಿನ ದೃಶ್ಯಕ್ಕೆ ಹೊರಟುಹೋಗುತ್ತದೆ. ಕೆಲವು ದಿನಗಳ ಮೇಲೆ ನೀವು ಯಾವುದೋ ಕರಕುಶಲ ಮೇಳದಲ್ಲಿ ಅಂಥದೇ ಬಟ್ಟಲೊಂದನ್ನು ಕೈಗೆತ್ತಿಕೊಂಡು, ಬೆಲೆ ಕೇಳಿ, ಮೆಲ್ಲಗೆ ಕೆಳಗಿಟ್ಟು ಪಕ್ಕದ ಮಳಿಗೆಗೆ ಸರಿದಿರಬಹುದು. ‘ಮಣ್ಣಿಗೆ ಇಷ್ಟು ದುಡ್ಡೇ?’ ಎಂದು ಜೊತೆಗಿದ್ದವರನ್ನು ಕೇಳಿರಲೂಬಹುದು. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಸಣ್ಣದೊಂದು ಕುಂಬಾರಿಕೆ ಕಾರ್ಯಾಗಾರವನ್ನು ನಡೆಸಿ ಅದರಿಂದಲೇ ಹೊಟ್ಟೆ ಹೊರೆಯಲು ಹೊರಟವರನ್ನೆಲ್ಲ ಕಳೆದ ನೂರು ವರ್ಷಗಳಿಂದ ಕಾಡುತ್ತಿರುವ ಪ್ರಶ್ನೆಯೂ ಇದೇ.

ಮೊದಲು ಆ ಬಟ್ಟಲು ಹಾದುಬಂದ ದಾರಿಯನ್ನು ನೋಡೋಣ. ನಿಮ್ಮ ಮನೆಯ ಅಟ್ಟದ ಮೇಲೋ ಅಡುಗೆಮನೆಯ ಮೂಲೆಯಲ್ಲೋ ಇರುವ ಹಳೆಯ ಉಪ್ಪಿನಕಾಯಿ ಜಾಡಿಯನ್ನು ನೆನಪಿಸಿಕೊಳ್ಳಿ. ಉಪ್ಪು, ಹುಳಿ, ಎಣ್ಣೆ ಯಾವುದನ್ನೂ ಅದು ಹೀರುವುದಿಲ್ಲ. 1200 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚಿನ ಶಾಖದಲ್ಲಿ ಮಣ್ಣು ಬೆಂದು ಕಲ್ಲಿನಂತೆ ಬಿಗಿದುಕೊಂಡಿರುವುದೇ ಇದಕ್ಕೆ ಕಾರಣ. ಸ್ಟೋನ್‌ವೇರ್ ಎನ್ನುವುದು ಇದನ್ನೇ. ಸ್ಟುಡಿಯೋ ಕುಂಬಾರರು ಮಾಡುವ ಬಟ್ಟಲು, ಲೋಟ, ತಟ್ಟೆಗಳು ಬಹುಪಾಲು ಇದೇ ಜಾತಿಯವು. ಮಣ್ಣನ್ನು ಸೋಸಿ, ಹದಗೊಳಿಸಿ, ಒಳಗೆ ಗಾಳಿ ಉಳಿಯದಂತೆ ಮಿದಿಯಬೇಕು. ತಿಗರಿಯಿಂದ ಇಳಿಸಿದ ಬಟ್ಟಲನ್ನು ನೆರಳಲ್ಲಿ ಆರಿಸಿ, ಮರುದಿನ ಮಗುಚಿ ತಳ ಕೆತ್ತಬೇಕು. ಪೂರ್ತಿ ಒಣಗಿದ ಮೇಲೆ 900ರಿಂದ 1000 ಡಿಗ್ರಿಯಲ್ಲಿ ಒಮ್ಮೆ ಸುಡಬೇಕು. ಆಮೇಲೆ ಗ್ಲೇಜು, ಅಂದರೆ ಕಲ್ಲಿನ ಪುಡಿ, ಬೂದಿ, ಜೇಡಿಗಳನ್ನು ನೀರಿನಲ್ಲಿ ಕದಡಿದ ಲೇಪ. ಅದು ಕರಗಿ ಗಾಜಾಗಲು 1250 ಡಿಗ್ರಿ ದಾಟುವ ಎರಡನೆಯ ಸುಡುವಿಕೆ. ಗೂಡು ತಣಿಯಲು ಒಂದು ದಿನಕ್ಕೂ ಹೆಚ್ಚು ಬೇಕು. ಅವಸರಪಟ್ಟು ಬಾಗಿಲು ತೆಗೆದರೆ ತಣ್ಣನೆಯ ಗಾಳಿ ಬಡಿದು ಪಾತ್ರೆಗಳು ಸೀಳುತ್ತವೆ.

ಗೂಡಿನೊಳಗೆ ನೂರು ಬಟ್ಟಲು ಇಟ್ಟಿರಿ, ಮಾರಲು ಯೋಗ್ಯವಾದ ಎಂಬತ್ತು ಹೊರಬಂದವು ಎಂದಿಟ್ಟುಕೊಳ್ಳಿ. ಬಿರಿದ, ಬಾಗಿದ, ಗ್ಲೇಜು ಸುರಿದು ಹಲಗೆಗೆ ಅಂಟಿಕೊಂಡ ಆ ಇಪ್ಪತ್ತಕ್ಕೂ ಅಷ್ಟೇ ಮಣ್ಣು, ಅಷ್ಟೇ ಸೌದೆ, ಅಷ್ಟೇ ದುಡಿಮೆ ಬಿದ್ದಿದೆ. ಅದರ ಖರ್ಚನ್ನು ಉಳಿದ ಎಂಬತ್ತೇ ಹೊರಬೇಕು. ಮಳಿಗೆಯಲ್ಲಿ ನಿಮಗೆ ಹೇಳಿದ ಬೆಲೆಯೊಳಗೆ ನಿಮ್ಮ ಕಣ್ಣಿಗೆ ಬೀಳದ ಒಡಕು ಬಟ್ಟಲುಗಳೂ ಸೇರಿವೆ.

ಈ ಲೆಕ್ಕವನ್ನು ಕಷ್ಟಪಟ್ಟು ಕಲಿತವರಲ್ಲಿ ಮುಖ್ಯರು ಬರ್ನಾರ್ಡ್ ಲೀಚ್. 1887ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದ ಈ ಇಂಗ್ಲಿಷ್ ಕಲಾವಿದರು 1909ರಲ್ಲಿ ಜಪಾನಿಗೆ ಹೋದದ್ದು ಲೋಹದ ತಗಡಿನ ಮೇಲೆ ಚಿತ್ರ ಕೊರೆಯುವ ಕಲೆಯನ್ನು ಕಲಿಸಲು. ಅಲ್ಲಿ 1911ರಲ್ಲಿ ಗೆಳೆಯರ ಕೂಟವೊಂದರಲ್ಲಿ ಅವರು ಮಣ್ಣಿನ ಪಾತ್ರೆಯೊಂದರ ಮೇಲೆ ಚಿತ್ರ ಬರೆದರು. ಅದು ಕಣ್ಣೆದುರೇ ಬೆಂಕಿಗೆ ಹೋಗಿ ಹೊಳೆಯುತ್ತ ಹೊರಬಂತು. ಅಂದಿನಿಂದ ಅವರು ಕುಂಬಾರರಾದರು. 1920ರಲ್ಲಿ ಶೋಜಿ ಹಮಾಡಾ ಎಂಬ ತರುಣ ಜಪಾನಿ ಕುಂಬಾರನನ್ನು ಜೊತೆಗೆ ಕರೆದುಕೊಂಡು ಇಂಗ್ಲೆಂಡಿಗೆ ಮರಳಿ, ಕಾರ್ನ್‌ವಾಲ್ ಪ್ರಾಂತದ ಸೇಂಟ್ ಐವ್ಸ್ ಎಂಬ ಮೀನುಗಾರರ ಊರಿನಲ್ಲಿ ಕಾರ್ಯಾಗಾರ ತೆರೆದರು. ಗುಡ್ಡದ ಇಳಿಜಾರಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಜಪಾನಿ ಮಾದರಿಯ ಗೂಡನ್ನು ಕಟ್ಟಿದರು.

ಆದರೆ ಕಾರ್ನ್‌ವಾಲ್‌ನಲ್ಲಿ ಮರಗಳೇ ಕಡಿಮೆ. ಸೌದೆಯಿಂದ ಉರಿಯುವ ಗೂಡನ್ನು ಸೌದೆ ಸಿಗದ ಊರಿನಲ್ಲಿ ಕಟ್ಟಿದ ಮೇಲೆ ಲೆಕ್ಕ ಸರಿಹೋಗುವುದು ಹೇಗೆ? ಸುಟ್ಟ ಪಾತ್ರೆಗಳಲ್ಲಿ ಹಾಳಾದವೂ ಬಹಳ. ಒಳ್ಳೆಯವನ್ನು ಲಂಡನ್ನಿನ ಗ್ಯಾಲರಿಗಳಿಗೆ ಕಳಿಸಿದರೆ ಅಲ್ಲಿ ಗ್ಯಾಲರಿಯ ಪಾಲು ಕಳೆಯಬೇಕು. ಇಂಗ್ಲೆಂಡಿನಲ್ಲಿ ಕೊಳ್ಳುವವರು ಕೆಲವೇ ಮಂದಿ. ಆ ವರ್ಷಗಳಲ್ಲಿ ಅವರ ಪಾತ್ರೆಗಳನ್ನು ಆದರದಿಂದ ಕೊಂಡವರಲ್ಲಿ ಜಪಾನಿನವರೂ ಇದ್ದರು! ಇತ್ತ ಅದೇ ದೇಶದ ಸ್ಟೋಕ್ ನಗರದ ಕಾರ್ಖಾನೆಗಳು ಬಿಳಿಯ ಬಟ್ಟಲುಗಳನ್ನು ರಾಶಿ ರಾಶಿಯಾಗಿ, ಅಗ್ಗವಾಗಿ ಹೊರಹಾಕುತ್ತಿದ್ದವು.

ಲೀಚರ ಮೊದಲ ಶಿಷ್ಯರಲ್ಲೊಬ್ಬರಾದ ಮೈಕೆಲ್ ಕಾರ್ಡ್ಯೂ ಬೇರೆ ದಾರಿ ಹಿಡಿದರು. 1926ರಲ್ಲಿ ಅವರು ವಿಂಚ್‌ಕೂಂಬ್ ಎಂಬಲ್ಲಿ ಮುಚ್ಚಿಹೋಗಿದ್ದ ಹಳ್ಳಿಯ ಕುಂಬಾರಿಕೆಯೊಂದನ್ನು ಹಿಡಿದು, ಅಲ್ಲಿ ಹಿಂದೆ ದುಡಿಯುತ್ತಿದ್ದ ಎಲೈಜಾ ಕಂಫರ್ಟ್ ಎಂಬ ವೃದ್ಧ ಕುಂಬಾರನನ್ನು ಮತ್ತೆ ತಿಗರಿಗೆ ಕರೆತಂದರು. ಅಡುಗೆಮನೆಯಲ್ಲಿ ದಿನವೂ ಬಳಸುವ ಹೂಜಿ, ಬೋಗುಣಿಗಳನ್ನು ಸಾಧಾರಣ ಜನ ಕೊಳ್ಳಬಲ್ಲ ಬೆಲೆಗೆ ಮಾಡಬೇಕೆಂಬುದು ಅವರ ಹಟ. ಹಟ ಗೆದ್ದಿತು, ಗಂಟು ಮಾತ್ರ ಕೂಡಲಿಲ್ಲ.

ಸೇಂಟ್ ಐವ್ಸ್‌ನ ಕಾರ್ಯಾಗಾರವನ್ನು ಉಳಿಸಿದವರು ಲೀಚರ ಮಗ ಡೇವಿಡ್ ಎಂದೇ ನನ್ನ ಎಣಿಕೆ. 1930ರ ದಶಕದ ನಡುವೆ, ತಂದೆ ಮತ್ತೆ ಜಪಾನಿಗೆ ಹೋಗಿದ್ದಾಗ, ಈತ ಸ್ಟೋಕ್ ನಗರಕ್ಕೆ ಹೋಗಿ ಕುಂಬಾರಿಕೆ ಕಾರ್ಖಾನೆಗಳ ವ್ಯವಸ್ಥಾಪಕರಿಗೆಂದೇ ಇದ್ದ ಶಿಕ್ಷಣವನ್ನು ಪಡೆದರು. ಯಂತ್ರದ ಪಾತ್ರೆಗಳನ್ನು ಜರೆಯುತ್ತಿದ್ದ ತಂದೆಗೆ ಇದು ಹಿಡಿಸುವಂಥ ಸುದ್ದಿಯಲ್ಲ. ಮಗ ಮರಳಿ ಬಂದು ಮಾಡಿದ್ದೇನು? ಗೂಡಿಗೆ ಸೌದೆಯ ಬದಲು ಎಣ್ಣೆಯ ಉರಿ ಬಂತು. ಮಣ್ಣು ಮಿದಿಯಲು ಯಂತ್ರ ಬಂತು. ಊರಿನ ಹುಡುಗರೇ ಕೆಲಸ ಕಲಿಯಲು ಸೇರಿದರು. ಎಲ್ಲಕ್ಕಿಂತ ಮುಖ್ಯವಾಗಿ, ಅಳತೆ, ತೂಕ, ಆಕಾರ ನಿಗದಿಯಾದ ಮನೆಬಳಕೆಯ ಪಾತ್ರೆಗಳ ಒಂದು ಸಾಲು ಸಿದ್ಧವಾಯಿತು: ಸಾರಿನ ಬಟ್ಟಲು, ಮುಚ್ಚಳದ ಪಾತ್ರೆ, ಹೂಜಿ, ಲೋಟ. ಬೆಲೆಪಟ್ಟಿ ಅಚ್ಚಾಯಿತು, ಅದನ್ನು ನೋಡಿ ಅಂಚೆಯ ಮೂಲಕ ಬೇಡಿಕೆ ಕಳಿಸಬಹುದಾಗಿತ್ತು. ಸ್ಟ್ಯಾಂಡರ್ಡ್ ವೇರ್ ಎಂಬ ಈ ಸಾಲು 1979ರಲ್ಲಿ ಲೀಚ್ ತೀರಿಕೊಳ್ಳುವವರೆಗೂ ನಡೆಯಿತು. ವಸ್ತುಸಂಗ್ರಹಾಲಯಗಳಲ್ಲಿ ಇಂದು ನಾವು ನೋಡುವ ಲೀಚರ ಎತ್ತರದ ಹೂದಾನಿಗಳಿಗೆ ಉರಿ ಕೊಟ್ಟದ್ದು, ಯಾರೋ ಗೃಹಿಣಿ ಅಂಚೆಯಲ್ಲಿ ತರಿಸಿಕೊಂಡ ಅರ್ಧ ಡಜನ್ ಸಾರಿನ ಬಟ್ಟಲುಗಳು.

ಹಮಾಡಾ 1924ರಲ್ಲಿ ಜಪಾನಿಗೆ ಮರಳಿ ಮಾಶಿಕೋ ಎಂಬ ಹಳ್ಳಿಯನ್ನು ಆರಿಸಿಕೊಂಡರು. ಟೋಕಿಯೋದ ಅಡುಗೆಮನೆಗಳಿಗೆ ಮಣ್ಣಿನ ಜಾಡಿ, ಬೋಗುಣಿಗಳನ್ನು ಒದಗಿಸುತ್ತಿದ್ದ ಊರು ಅದು. ಅವರ ಹೆಸರಿನಿಂದ ಊರಿಗೂ ಹೆಸರು ಬಂತು, ಹೊಸ ಕುಂಬಾರರು ಬಂದು ನೆಲೆಸಿದರು. 1966ರಲ್ಲಿ ಅಲ್ಲಿ ಮಡಕೆಗಳ ಸಂತೆ ಆರಂಭವಾಯಿತು. ವರ್ಷಕ್ಕೆರಡು ಬಾರಿ, ವಸಂತದಲ್ಲೊಮ್ಮೆ ಶರತ್ಕಾಲದಲ್ಲೊಮ್ಮೆ, ರಸ್ತೆಯುದ್ದಕ್ಕೂ ನೂರಾರು ಡೇರೆಗಳು ಏಳುತ್ತವೆ. ಮಾಡಿದವನೇ ಮಾರುತ್ತಾನೆ, ಕೊಳ್ಳುವವಳು ಅವನನ್ನೇ ಕೇಳುತ್ತಾಳೆ. ಗ್ಯಾಲರಿಯ ಪಾಲು ಇಲ್ಲಿಲ್ಲ.

ಸಂತೆ, ಜಾತ್ರೆ ನಮಗೇನು ಹೊಸತೇ ಎಂದು ನೀವು ಕೇಳಬಹುದು. ಹೊಸತಲ್ಲ. ಆದರೆ ನಮ್ಮ ಹಳ್ಳಿಯ ಕುಂಬಾರನ ಲೆಕ್ಕವೇ ಬೇರೆ ಇತ್ತು. ಅವನು ಆಯಗಾರ. ಊರಿಗೆ ಬೇಕಾದ ಗಡಿಗೆ, ಕುಡಿಕೆ, ಮದುವೆಯ ಐರಾಣಿ ಮಡಕೆ ಅವನು ಕೊಡಬೇಕು. ಸುಗ್ಗಿಯಲ್ಲಿ ಕಣದಿಂದ ಅವನ ಪಾಲಿನ ಧಾನ್ಯ ಅವನಿಗೆ ಸಲ್ಲಬೇಕು. ಮಡಕೆಗೆ ಬಿಡಿಯಾಗಿ ಬೆಲೆ ಕಟ್ಟುವ ಪ್ರಸಂಗವೇ ಕಡಿಮೆ. ಸೊಪ್ಪು ಸದೆ, ಹುಲ್ಲು, ಬೆರಣಿಗಳಿಂದ ಒಂದೇ ಸಲ ಸುಡುವ ಅವನ ಆವಿಗೆಗೆ ಎರಡನೆಯ ಉರಿಯ ಖರ್ಚೂ ಇರಲಿಲ್ಲ. ಆಯದ ಪದ್ಧತಿ ಸಡಿಲವಾಗಿ, ಅಲ್ಯುಮಿನಿಯಂ, ಸ್ಟೀಲು, ಪ್ಲಾಸ್ಟಿಕ್ ಮನೆಗೆ ಬಂದಾಗ ಕುಂಬಾರನ ಕೈಯ ವಿದ್ಯೆ ಹೋಗಲಿಲ್ಲ. ಮೊದಲು ಹೋದದ್ದು ಅವನ ಗಿರಾಕಿ.

ಭಾರತದಲ್ಲಿ ಸ್ಟುಡಿಯೋ ಕುಂಬಾರಿಕೆಯ ಕಥೆ ಶುರುವಾಗುವುದು ಸರ್ದಾರ್ ಗುರುಚರಣ್ ಸಿಂಗ್ ಅವರಿಂದ. ದೆಹಲಿಯ ಒಂದು ಕುಂಬಾರಿಕೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದ ಅವರು 1919ರಲ್ಲಿ ಜಪಾನಿಗೆ ಹೋದರು. ಲೀಚ್, ಹಮಾಡಾ ಮತ್ತು ಅವರ ಬಳಗದ ಪರಿಚಯ ಅವರಿಗೆ ಆದದ್ದು ಅಲ್ಲೇ. ಮರಳಿ ಬಂದು ದೀರ್ಘಕಾಲ ಇತರ ಕೆಲಸಗಳ ನಡುವೆಯೇ ಈ ವಿದ್ಯೆಯನ್ನು ಉಳಿಸಿಕೊಂಡು, 1952ರಲ್ಲಿ ದೆಹಲಿ ಬ್ಲೂ ಪಾಟರಿಯನ್ನು ಸ್ಥಾಪಿಸಿದರು. ಹಳೆಯ ಪಠಾಣ ಕುಂಬಾರರ ನೀಲಿ ಗ್ಲೇಜು ಅವರ ಕೈಯಲ್ಲಿ ಹೊಸ ಆಕಾರಗಳ ಮೇಲೆ ಬಂತು. 1995ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರಲ್ಲಿ ಕಲಿತವರು ದೇಶದ ಹಲವೆಡೆ ಗೂಡು ಕಟ್ಟಿದ್ದರು.

ಅದೇ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಹುಟ್ಟಿತು. ಅದರ ಅಧ್ಯಕ್ಷತೆ ವಹಿಸಿದವರು ನಮ್ಮ ಮಂಗಳೂರಿನಲ್ಲಿ 1903ರಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯ. ಜೈಪುರದಲ್ಲಿ ನಶಿಸುತ್ತಿದ್ದ ನೀಲಿ ಕುಂಬಾರಿಕೆ ಕಲಾವಿದ ಕೃಪಾಲ್ ಸಿಂಗ್ ಶೇಖಾವತ್ ಅವರ ಕೈಯಲ್ಲಿ ಮತ್ತೆ ಚಿಗುರಿದ್ದರ ಹಿಂದೆ ಅವರ ಒತ್ತಾಸೆ ಇತ್ತು. ಕುಶಲಕರ್ಮಿಗೆ ಪ್ರಶಸ್ತಿ ಕೊಟ್ಟರೆ ಸಾಲದು, ಅವನ ಸರಕಿಗೆ ಮಾರುಕಟ್ಟೆ ಬೇಕು ಎಂಬ ತಿಳಿವು ಆ ಮಂಡಳಿಯ ಕೆಲಸದಲ್ಲಿ ಎದ್ದು ಕಾಣುತ್ತದೆ. ಮೊದಲು ಬಂದವು ಎಂಪೋರಿಯಂಗಳು. ಮೇಳಗಳ ಕಾಲ ಬಂದದ್ದು ಆಮೇಲೆ: 1987ರಲ್ಲಿ ಹರಿಯಾಣದ ಸೂರಜ್‌ಕುಂಡದ ಮೇಳ, 1994ರಲ್ಲಿ ದೆಹಲಿಯ ದಿಲ್ಲಿ ಹಾಟ್. ದಿಲ್ಲಿ ಹಾಟ್‌ನ ಕ್ರಮ ಸರಳ. ಮಳಿಗೆ ಯಾರಿಗೂ ಕಾಯಂ ಅಲ್ಲ. ಹದಿನೈದು ದಿನಕ್ಕೊಮ್ಮೆ ಕುಶಲಕರ್ಮಿಗಳು ಬದಲಾಗಬೇಕು.

ನಮಗೆ ಹತ್ತಿರದ ಪಾಂಡಿಚೇರಿಯಲ್ಲಿ ಇನ್ನೊಂದು ಬೇರು ಇಳಿಯಿತು. 1971ರಲ್ಲಿ ಅಮೆರಿಕದ ಡೆಬೊರಾ ಸ್ಮಿತ್ ಮತ್ತು ರೇ ಮೀಕರ್ ಅಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಆರಂಭಿಸಿದರು. ಡೆಬೊರಾ ಜಪಾನಿನ ಬಿಜೆನ್‌ನಲ್ಲಿ ಕಲಿತು ಬಂದವರು. ಗೂಡಿಗೆ ಕರಾವಳಿಯಲ್ಲಿ ಧಾರಾಳವಾಗಿ ಸಿಗುವ ಗಾಳಿಮರದ ಸೌದೆ. ಲೀಚರಿಗೆ ಸೇಂಟ್ ಐವ್ಸ್‌ನಲ್ಲಿ ಸಿಗದೆ ಹೋದ ಭಾಗ್ಯ ಇದು. ಸುತ್ತಲಿನ ತಮಿಳು ಹಳ್ಳಿಗಳ ಜನ ಕೆಲಸ ಕಲಿತು ತಟ್ಟೆ, ಬಟ್ಟಲುಗಳನ್ನು ಮಾಡತೊಡಗಿದರು. ಇಲ್ಲೂ ನಿತ್ಯಬಳಕೆಯ ಪಾತ್ರೆಯೇ ಮನೆ ನಡೆಸಿತು. ಅದರ ನೆರಳಿನಲ್ಲಿ ಮೀಕರ್ ಶಿಷ್ಯರನ್ನು ತರಬೇತುಗೊಳಿಸಿದರು, ಮಣ್ಣಿನ ಮನೆಯನ್ನೇ ಕಟ್ಟಿ ಒಳಗೆ ಬೆಂಕಿ ಹಾಕಿ ಸುಡುವ ಪ್ರಯೋಗವನ್ನೂ ಮಾಡಿದರು.

ಇಂಗ್ಲೆಂಡಿಗೆ ಸ್ಟೋಕ್ ಇದ್ದಂತೆ ನಮಗೆ ಉತ್ತರ ಪ್ರದೇಶದ ಖುರ್ಜಾ. ಬೆಂಗಳೂರಿನ ರಸ್ತೆ ಬದಿಯಲ್ಲಿ ಹುಲ್ಲು ಹಾಸಿ ಗುಡ್ಡೆ ಹಾಕಿರುವ ಬಣ್ಣದ ಕಪ್ಪು, ಜಾಡಿಗಳಲ್ಲಿ ಬಹಳಷ್ಟು ಬರುವುದು ಅಲ್ಲಿಂದಲೇ. ಅಚ್ಚಿನಲ್ಲಿ ಎರಕ ಹೊಯ್ದ ಕಪ್ಪಿನ ಬೆಲೆಗೆ ತಿಗರಿಯ ಕಪ್ಪನ್ನು ಕೊಡಲಾಗದು. ಅದೇ ಮೇಳದಲ್ಲಿ ಮೂರನೆಯವನೂ ಕೂತಿರುತ್ತಾನೆ, ಕೆಂಪು ಮಣ್ಣಿನ ಹಣತೆ, ಹೂಜಿಗಳನ್ನಿಟ್ಟುಕೊಂಡ ಹಳ್ಳಿಯ ಕುಂಬಾರ. ನಗರದ ಸ್ಟುಡಿಯೋದವರು ಹೇಳಿದ ಬೆಲೆಯನ್ನು ಮರುಮಾತಿಲ್ಲದೆ ಕೊಡುವವರು ಇವನ ಹೂಜಿಗೆ ಹತ್ತು ರೂಪಾಯಿ ಚೌಕಾಸಿ ಮಾಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಇಂಗ್ಲಿಷಿನಲ್ಲಿ ಬೆಲೆಚೀಟಿ ಅಂಟಿಸಿದ್ದರೆ ಚೌಕಾಸಿ ನಿಲ್ಲುತ್ತದೋ ಏನೋ! ಇವನೂ ಮಳಿಗೆಯ ಬಾಡಿಗೆ, ಬಸ್ಸಿನ ಚಾರ್ಜು, ದಾರಿಯಲ್ಲಿ ಒಡೆದದ್ದರ ನಷ್ಟ ಎಲ್ಲವನ್ನೂ ಆ ಹೂಜಿಯಿಂದಲೇ ಎತ್ತಬೇಕು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯಿದೆ. ಇಂಥ ಕಡೆ ಹೊಸ ತಿಗರಿ, ಹೊಸ ಗೂಡುಗಳ ಪಾಠ ಸಿಗುತ್ತದೆ. ಬೆಲೆ ಕಟ್ಟುವ ಪಾಠವನ್ನು ಮಾತ್ರ ಅವನು ಗಿರಾಕಿಯ ಮುಂದೆ ನಿಂತೇ ಕಲಿಯಬೇಕು.

ಮುಂದಿನ ಸಲ ಮೇಳಕ್ಕೆ ಹೋದಾಗ ಬಟ್ಟಲನ್ನು ಮಗುಚಿ ನೋಡಿ. ತಳದ ಬಳೆಯನ್ನು ಬೆರಳಿನಿಂದ ಸವರಿ. ಒರಟಾಗಿದ್ದರೆ ಮೇಜು ಗೀರುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ. ಬಿರುಕು ಬಿಟ್ಟದ್ದು ಬೊದ್ದು ದನಿ ಕೊಡುತ್ತದೆ, ಗಟ್ಟಿಯಾದದ್ದು ಕಂಚಿನಂತೆ ನುಡಿಯುತ್ತದೆ. ತಳದ ಬಳಿ ಮುದ್ರೆಯೊಂದು ಇರಬಹುದು. ಸೇಂಟ್ ಐವ್ಸ್‌ನ ಸ್ಟ್ಯಾಂಡರ್ಡ್ ವೇರ್ ಮೇಲೆ ಕಾರ್ಯಾಗಾರದ ಮುದ್ರೆ ಮಾತ್ರ ಇರುತ್ತಿತ್ತು, ತಿರುಗಿಸಿದವನ ಹೆಸರಿಲ್ಲ. ಹಮಾಡಾ ಜಪಾನಿಗೆ ಮರಳಿದ ಮೇಲೆ ಮುದ್ರೆ ಒತ್ತುವುದನ್ನೇ ಬಿಟ್ಟರು. ಹಾಗೆಯೇ ಮಳಿಗೆಯ ಮೇಜಿನ ಕೆಳಗೂ ಒಮ್ಮೆ ಕಣ್ಣು ಹಾಯಿಸಿ. ಅಲ್ಲೊಂದು ರಟ್ಟಿನ ಪೆಟ್ಟಿಗೆ ಇರುತ್ತದೆ. ಚೂರು ಬಾಗಿದ, ಗ್ಲೇಜು ಸರಿಯಾಗಿ ಹರಿಯದ, ಆದರೆ ಸೋರದ ಬಟ್ಟಲುಗಳು ಅದರಲ್ಲಿವೆ. ಕೇಳಿದರೆ ತೆಗೆದು ತೋರಿಸುತ್ತಾರೆ. ಕೊನೆಯ ದಿನದ ಸಂಜೆ, ಉಳಿದ ಸರಕನ್ನು ಮತ್ತೆ ಹುಲ್ಲಿನಲ್ಲಿ ಸುತ್ತಿ ಲಾರಿಗೆ ಏರಿಸುವ ಮೊದಲು, ಆ ಪೆಟ್ಟಿಗೆ ಮೇಜಿನ ಮೇಲೆಯೇ ಬಂದಿರುತ್ತದೆ.