ಸದೃಶವು ಅಭಿನ್ನವಲ್ಲ: ಒಂದು ಕಡಲ ಕಪ್ಪೆಚಿಪ್ಪಿನ ಜಾತಿನಿರ್ಣಯದ ಚರಿತ್ರೆ

ಒಂದು ವಸ್ತುವಿಗೆ ಲಕ್ಷಣವನ್ನು ಹೇಳುವಾಗ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳನ್ನು ಪರಿಹರಿಸಿಕೊಳ್ಳಬೇಕೆಂಬುದು ತರ್ಕಶಾಸ್ತ್ರವನ್ನು ಓದಿದವರೆಲ್ಲರಿಗೂ ವಿದಿತವಾದ ವಿಷಯ. ಕಪಿಲವರ್ಣವೇ ಗೋವಿನ ಲಕ್ಷಣವೆಂದರೆ ಬಿಳಿಯ ಹಸು ಹೊರಗುಳಿಯುವುದು. ಕೊಂಬುಳ್ಳದ್ದೇ ಗೋವೆಂದರೆ ಎಮ್ಮೆಯೂ ಒಳಗೆ ಬರುವುದು. ಸೀಳದ ಒಂಟಿ ಗೊರಸುಳ್ಳದ್ದು ಗೋವೆಂದರೆ ಯಾವ ಹಸುವಿಗೂ ಹೊಂದದು. ಯುರೋಪಿನ ಪ್ರಾಣಿಶಾಸ್ತ್ರಜ್ಞರು ಜೀವಿಗಳ ಜಾತಿಲಕ್ಷಣಗಳನ್ನು ಬರೆಯತೊಡಗಿದಾಗ ಇವೇ ದೋಷಗಳು ಅವರಿಗೂ ಎದುರಾದುವು. ಉತ್ತರ ಅಮೇರಿಕದ ಪೂರ್ವತೀರದ ಒಂದು ಕಪ್ಪೆಚಿಪ್ಪಿನ ವಿಷಯದಲ್ಲಿ ಈ ಚರ್ಚೆ ಸುಮಾರು ಎರಡು ಶತಮಾನಗಳ ಕಾಲ ನಡೆಯಿತು. ಅದರ ಕ್ರಮವನ್ನು ತಿಳಿಸುವುದು ಪ್ರಕೃತ ಲೇಖನದ ಉದ್ದೇಶ.

ಅಮರಕೋಶದ ವಾರಿವರ್ಗದಲ್ಲಿ ಶುಕ್ತಿ, ಶಂಖ, ಶಂಬೂಕ ಎಂಬ ಹೆಸರುಗಳು ಬರುವುವು. ಎರಡು ಚಿಪ್ಪುಗಳು ಒಂದು ಕೀಲಿನಲ್ಲಿ ಕೂಡಿ ಸಂಪುಟದಂತೆ ತೆರೆದು ಮುಚ್ಚುವ ಜೀವಿಗಳೆಲ್ಲ ಶುಕ್ತಿವರ್ಗಕ್ಕೆ ಸೇರತಕ್ಕವು. ನಮ್ಮ ಕರಾವಳಿಯವರು ಮರುವಾಯಿ ಎಂದೂ ಬಳಚು ಎಂದೂ ಕರೆದು ಊಟಕ್ಕೆ ಬಳಸುವ ಕಪ್ಪೆಚಿಪ್ಪುಗಳೂ ಈ ವರ್ಗದವೇ. ಇಲ್ಲಿ ಪ್ರಸ್ತುತವಾದ ಜೀವಿಯು ಬೇರೆ ಜಾತಿಯದು. ಅಟ್ಲಾಂಟಿಕ್ ಸಮುದ್ರದಲ್ಲಿ, ಅಲೆಗಳು ಒಡೆಯುವ ತೀರದಿಂದ ಹಿಡಿದು ಆಳವಾದ ನೀರಿನವರೆಗೆ, ಮರಳಿನಲ್ಲಿ ಹೂತುಕೊಂಡು, ಎರಡು ನಳಿಗೆಗಳಿಂದ ನೀರನ್ನು ಎಳೆದು ಬಿಟ್ಟು ಅದರಲ್ಲಿ ತೇಲುವ ಸೂಕ್ಷ್ಮಕಣಗಳನ್ನು ಸೋಸಿ ತಿಂದು ಬದುಕುವುದು. ಬಿರುಗಾಳಿಯ ಅಲೆಗಳು ಇದನ್ನು ಮರಳಿನಿಂದ ಕಿತ್ತು ದಡಕ್ಕೆ ಎಸೆಯುವುದುಂಟು. ಆ ದೇಶದವರು ಇದಕ್ಕೆ ಅಲೆಯ ಹೆಸರನ್ನೇ ಕೊಟ್ಟಿರುವುದರಿಂದ ಕನ್ನಡದಲ್ಲಿ ಇದನ್ನು ತೆರೆಚಿಪ್ಪು ಎನ್ನಬಹುದು.

ಸ್ವೀಡನ್ ದೇಶದ ಲಿನೇಯಸ್ ಪಂಡಿತನು 1758ರಲ್ಲಿ ಪ್ರಕಟಿಸಿದ ತನ್ನ ಪ್ರಕೃತಿವ್ಯವಸ್ಥಾಗ್ರಂಥದ ಹತ್ತನೆಯ ಆವೃತ್ತಿಯಲ್ಲಿ, ಪ್ರಾಣಿಗಳಿಗೆ ಕುಲನಾಮವೊಂದು, ಜಾತಿನಾಮವೊಂದು ಎಂದು ಎರಡು ಪದಗಳ ಹೆಸರನ್ನು ಕೊಡುವ ಪದ್ಧತಿಯನ್ನು ನೆಲೆಗೊಳಿಸಿದನು. ಇಂದಿಗೂ ಪ್ರಾಣಿನಾಮಗಳ ಲೆಕ್ಕವು ಆ ಗ್ರಂಥದಿಂದಲೇ ಆರಂಭವಾಗುವುದು. ತೆರೆಚಿಪ್ಪಿನ ಬಂಧುಗಳಾದ ಯುರೋಪಿನ ಕೆಲವು ಜಾತಿಗಳನ್ನು ಆತನು ಮೊದಲು ಕಾರ್ಡಿಯಮ್ ಎಂಬ ಕುಲದಲ್ಲಿ ಇಟ್ಟಿದ್ದನು. 1767ರ ಹನ್ನೆರಡನೆಯ ಆವೃತ್ತಿಯಲ್ಲಿ ಅವಕ್ಕಾಗಿ ಮಾಕ್ತ್ರ ಎಂಬ ಹೊಸ ಕುಲವನ್ನು ಕಲ್ಪಿಸಿದನು. ಗ್ರೀಕ್ ಭಾಷೆಯಲ್ಲಿ ಈ ಪದಕ್ಕೆ ಹಿಟ್ಟು ನಾದುವ ಮರಿಗೆ ಎಂದು ಅರ್ಥ. ಚಿಪ್ಪನ್ನು ಅಂಗಾತವಾಗಿ ಇಟ್ಟು ನೋಡಿದವರಿಗೆ ಈ ಹೆಸರಿನ ಔಚಿತ್ಯವು ತಾನಾಗಿ ತಿಳಿಯುವುದು. 1809ರಲ್ಲಿ ಫ್ರಾನ್ಸಿನ ಲಮಾರ್ಕನು ಈ ಕುಲದ ಹೆಸರಿನಿಂದಲೇ ಇಡೀ ವಂಶವನ್ನು ನಿರ್ದೇಶಿಸಿದನು.

ಈ ವಂಶದ ಮುಖ್ಯಲಕ್ಷಣವು ಕೀಲಿನಲ್ಲಿರುವುದು. ಎರಡು ಚಿಪ್ಪುಗಳೂ ಕೂಡುವ ಸ್ಥಳದಲ್ಲಿ ಒಳಗಡೆ ಚಮಚದ ಆಕಾರದ ಒಂದು ಕುಳಿಯಿದೆ. ಅದರಲ್ಲಿ ರಬ್ಬರಿನಂತೆ ಅಮುಕಿ ಹಿಗ್ಗುವ ಸ್ನಾಯುಬಂಧವೊಂದು ಕುಳಿತು, ಮಾಂಸಖಂಡಗಳು ಸಡಿಲವಾದೊಡನೆ ಚಿಪ್ಪನ್ನು ತೆರೆಯಿಸುವುದು. ಹೊರಗಿನ ಬಣ್ಣ, ಗೆರೆ, ಗಾತ್ರಗಳು ಸ್ಥಳದಿಂದ ಸ್ಥಳಕ್ಕೆ ಬದಲಾಗುವುವು. ಕೀಲಿನ ರಚನೆ ಅಷ್ಟು ಸುಲಭವಾಗಿ ಬದಲಾಗದು. ಆದುದರಿಂದ ಕುಲವನ್ನೂ ವಂಶವನ್ನೂ ನಿರ್ಣಯಿಸುವುದರಲ್ಲಿ ಶಾಸ್ತ್ರಜ್ಞರು ಕೀಲನ್ನೇ ಮುಖ್ಯ ಪ್ರಮಾಣವಾಗಿ ಹಿಡಿದರು.

ಅಮೇರಿಕದ ತೆರೆಚಿಪ್ಪಿಗೆ ಶಾಸ್ತ್ರೀಯವಾದ ನಾಮಕರಣವನ್ನು ಮಾಡಿದವನು ಅಮೇರಿಕದವನಲ್ಲ. ವೇಲ್ಸ್ ಪ್ರಾಂತದ ಸ್ವಾನ್ಸೀ ಪಟ್ಟಣದಲ್ಲಿ ಕುಂಭಕಾರ್ಖಾನೆಯೊಂದರ ಒಡೆಯನಾಗಿದ್ದ ಲೂಯಿಸ್ ವೆಸ್ಟನ್ ಡಿಲ್ವಿನ್ (1778–1855) ಎಂಬವನು ಸಸ್ಯಶಾಸ್ತ್ರದಲ್ಲಿಯೂ ಶಂಖಶುಕ್ತಿಗಳ ಶಾಸ್ತ್ರದಲ್ಲಿಯೂ ಪರಿಶ್ರಮವುಳ್ಳವನು. ಅಂದಿಗೆ ತಿಳಿದಿದ್ದ ಚಿಪ್ಪುಗಳಿಗೆಲ್ಲ ಪೂರ್ವಗ್ರಂಥಗಳಲ್ಲಿ ಬಂದಿರುವ ಪರ್ಯಾಯನಾಮಗಳನ್ನು ಹೋಲಿಸಿ, ಲಿನೇಯಸನ ಕ್ರಮದಲ್ಲಿ ಜೋಡಿಸಿದ ವರ್ಣನಾತ್ಮಕ ಸೂಚಿಯನ್ನು 1817ರಲ್ಲಿ ಪ್ರಕಟಿಸಿದನು. ಅದರಲ್ಲಿ ಈ ಜೀವಿಗೆ ಮಾಕ್ತ್ರ ಸೋಲಿಡಿಸ್ಸಿಮ ಎಂಬ ಹೆಸರು ದೊರೆಯಿತು. ಆ ಹೆಸರು ಮೊದಲು ಕಾಣುವುದು ಕೋಪನ್‌ಹೇಗನ್ನಿನಲ್ಲಿದ್ದ ಕೆಮ್ನಿಟ್ಜ್ ಎಂಬ ಪಾದ್ರಿಯ ಗ್ರಂಥದಲ್ಲಿ. ಹತ್ತೊಂಬತ್ತನೆಯ ಶತಮಾನದ ಅನೇಕ ಅಮೇರಿಕನ್ ಲೇಖಕರು ಕೆಮ್ನಿಟ್ಜನನ್ನೇ ನಾಮಕರ್ತೃವೆಂದು ಬರೆದಿರುವರು. ಆದರೆ ಕೆಮ್ನಿಟ್ಜನು ಎರಡು ಪದಗಳ ಪದ್ಧತಿಯನ್ನು ಒಂದೇ ಸಮನಾಗಿ ಅನುಸರಿಸಿದವನಲ್ಲ. ಆತನ ಗ್ರಂಥವನ್ನು ನಾಮವಿಷಯದಲ್ಲಿ ಪ್ರಮಾಣವೆಂದು ಎಣಿಸಕೂಡದೆಂದು 1944ರಲ್ಲಿ ಅಂತರರಾಷ್ಟ್ರೀಯ ಪ್ರಾಣಿನಾಮ ಆಯೋಗವು ನಿರ್ಣಯಿಸಿತು. ಆದಕಾರಣ ಕರ್ತೃತ್ವವು ಡಿಲ್ವಿನ್ನನಿಗೆ ಸಲ್ಲುವುದು.

ಸೋಲಿಡುಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಗಟ್ಟಿಯಾದುದು, ಇಡಿಯಾದುದು. ಇದರ ಧಾತುವಿಗೂ ಸಂಸ್ಕೃತದ ಸರ್ವ ಶಬ್ದಕ್ಕೂ ಸಂಬಂಧವನ್ನು ಭಾಷಾಶಾಸ್ತ್ರಜ್ಞರು ಹೇಳುವರು. ಕೊನೆಯ ಪ್ರತ್ಯಯವು ಅರ್ಥದಲ್ಲಿ ನಮ್ಮ ತಮಪ್ ಪ್ರತ್ಯಯಕ್ಕೆ ಸಮಾನವಾದುದು. ಹೀಗಾಗಿ ಈ ಹೆಸರನ್ನು ದೃಢತಮ ಎಂದು ತಿಳಿಯಬಹುದು. ಯುರೋಪಿನಲ್ಲಿ ದೃಢ ಎಂಬ ಅರ್ಥದ ಹೆಸರಿನ ಬಂಧುವೊಂದು ಲಿನೇಯಸನ ಕಾಲದಿಂದಲೇ ಇದ್ದುದರಿಂದ, ಅದಕ್ಕಿಂತಲೂ ಬೃಹತ್ತಾದ, ದಪ್ಪನಾದ ಈ ಚಿಪ್ಪಿಗೆ ಅತಿಶಯಾರ್ಥದ ಹೆಸರು ಸಂದದ್ದು ಯುಕ್ತವೇ.

ಐದು ವರ್ಷಗಳ ತರುವಾಯ ಎರಡನೆಯ ಹೆಸರು ಹುಟ್ಟಿತು. ಫಿಲಡೆಲ್ಫಿಯದ ಟಾಮಸ್ ಸೇ (1787–1834) ಎಂಬವನು ಬಹುಮಟ್ಟಿಗೆ ಸ್ವಪ್ರಯತ್ನದಿಂದಲೇ ವಿದ್ಯೆಯನ್ನು ಸಂಪಾದಿಸಿದವನು. 1812ರಲ್ಲಿ ಅಲ್ಲಿ ಹುಟ್ಟಿದ ಪ್ರಕೃತಿವಿಜ್ಞಾನ ಪರಿಷತ್ತಿನ ಆದ್ಯಸದಸ್ಯರಲ್ಲಿ ಒಬ್ಬನು. ಅಮೇರಿಕದ ಜೀವಿಗಳನ್ನು ಅಮೇರಿಕದಲ್ಲಿಯೇ ವರ್ಣಿಸಬೇಕೆಂಬುದು ಆತನ ಹಟ. ತನ್ನ ದೇಶದ ಕಡಲ ಚಿಪ್ಪುಗಳನ್ನು ಕುರಿತು ಆ ಪರಿಷತ್ತಿನ ಪತ್ರಿಕೆಯಲ್ಲಿ 1822ರಲ್ಲಿ ಬರೆದ ಲೇಖನಮಾಲೆಯಲ್ಲಿ ಆತನು ಮಾಕ್ತ್ರ ಸಿಮಿಲಿಸ್ ಎಂಬ ಜಾತಿಯನ್ನು ಹೇಳಿದನು. ಸಿಮಿಲಿಸ್ ಎಂದರೆ ಸದೃಶ. ಸಂಸ್ಕೃತದ ಸಮ ಶಬ್ದವೂ ಇದೂ ಒಂದೇ ಮೂಲದವು. ದಕ್ಷಿಣದ ತೀರಗಳಲ್ಲಿ ದೊರೆಯುವ ಈ ಚಿಪ್ಪು ಉತ್ತರದ ದೃಢತಮವನ್ನು ಬಹಳವಾಗಿ ಹೋಲುವುದು. ಗಾತ್ರದಲ್ಲಿ ಮಾತ್ರ ಚಿಕ್ಕದು.

ಈ ಹೆಸರಿನ ಸ್ವಾರಸ್ಯವನ್ನು ನಮ್ಮ ಶಾಸ್ತ್ರಗಳನ್ನು ಬಲ್ಲವರು ಒಡನೆ ಗ್ರಹಿಸುವರು. ಒಂದು ವಸ್ತುವಿನಿಂದ ಭಿನ್ನವಾಗಿದ್ದು ಅದರ ಬಹುಧರ್ಮಗಳನ್ನು ಹೊಂದಿರುವುದೇ ಸಾದೃಶ್ಯವೆಂದು ನೈಯಾಯಿಕರ ಮತ. ಭೇದವಿಲ್ಲದ ಕಡೆ ಸಾದೃಶ್ಯವೇ ಇಲ್ಲ. ಉಪಮಾನೋಪಮೇಯಗಳು ಎರಡಾಗಿದ್ದರೆ ಮಾತ್ರ ಉಪಮೆಯು ನಿಲ್ಲುವುದು. ಆದುದರಿಂದ ಸದೃಶವೆಂಬ ಹೆಸರೇ ಇದು ಬೇರೆಯೆಂಬುದನ್ನು ಸಾರುತ್ತಿತ್ತು. ಮುಂದಿನವರು ಸಾದೃಶ್ಯವನ್ನು ಹಿಡಿದು ಭೇದವನ್ನು ಬಿಟ್ಟರು.

1831–32ರಲ್ಲಿ ಹೊರಬಂದ ಅಮೇರಿಕದ ಕಡಲ ಚಿಪ್ಪುಗಳ ಗ್ರಂಥದಲ್ಲಿ ಟಿಮೊಥಿ ಕಾನ್ರಾಡನು ದಕ್ಷಿಣದ ಚಿಪ್ಪಿಗೆ, ಚಾರ್ಲ್‌ಸ್ಟನ್ನಿನ ಎಡ್ಮಂಡ್ ರಾವನೆಲ್ ಎಂಬ ವಿದ್ವಾಂಸನ ಗೌರವಾರ್ಥವಾಗಿ, ಮತ್ತೊಂದು ಹೆಸರನ್ನು ಕೊಟ್ಟನು. ಹೀಗೆ ಒಂದಕ್ಕೆ ಎರಡು ಹೆಸರು, ಎರಡಕ್ಕೆ ಒಂದು ಹೆಸರು ಎಂಬ ಸಂಕರವು ಬೆಳೆಯಿತು. 1837ರಲ್ಲಿ ಲಂಡನ್ ವಸ್ತುಸಂಗ್ರಹಾಲಯದ ಜಾನ್ ಎಡ್ವರ್ಡ್ ಗ್ರೇ ಎಂಬವನು ಮಾಕ್ತ್ರ ಕುಲದಿಂದ ಕೆಲವನ್ನು ಬೇರ್ಪಡಿಸಿ ಸ್ಪಿಸುಲ ಎಂಬ ಕುಲವನ್ನು ಮಾಡಿದನು. ಕೀಲಿನ ಪಕ್ಕದ ಹಲ್ಲುಗಳಲ್ಲಿ ಅಡ್ಡಲಾಗಿ ಸೂಕ್ಷ್ಮವಾದ ಗೀರುಗಳಿರುವುದು ಇದರ ಗುರುತು. ಮಾಕ್ತ್ರದಲ್ಲಿ ಆ ಹಲ್ಲುಗಳು ನುಣುಪಾಗಿರುವುವು. ದೃಢತಮವು ಈ ಹೊಸ ಕುಲಕ್ಕೆ ಸೇರಿತು. ಒಂದು ಜಾತಿಯು ಹುಟ್ಟಿದ ಕುಲವನ್ನು ಬಿಟ್ಟು ಬೇರೆ ಕುಲಕ್ಕೆ ಹೋದರೆ ನಾಮಕರ್ತೃವಿನ ಹೆಸರನ್ನು ಕಂಸದೊಳಗೆ ಬರೆಯಬೇಕೆಂಬುದು ನಿಯಮ. ಆದುದರಿಂದ ಇಂದಿನ ಗ್ರಂಥಗಳಲ್ಲಿ ಸ್ಪಿಸುಲ ಸೋಲಿಡಿಸ್ಸಿಮ (ಡಿಲ್ವಿನ್, 1817) ಎಂದು ಕಾಣುವುದು. ಜೀವಿಯ ನಾಮಚರಿತ್ರೆಯೆಲ್ಲ ಆ ಒಂದು ಕಂಸದಲ್ಲಿ ಅಡಗಿದೆ.

ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣದ ಸದೃಶವನ್ನು ಉಪಜಾತಿಯೆಂದು ದೃಢತಮದ ಅಡಿಯಲ್ಲಿ ಇರಿಸುವುದು ರೂಢಿಯಾಯಿತು. ಇದಕ್ಕೆ ಕಾರಣವಿಲ್ಲದೆ ಇಲ್ಲ. ಉತ್ತರದ ಜಾತಿಯ ಎಳೆಯ ಚಿಪ್ಪನ್ನೂ ದಕ್ಷಿಣದ ಬಲಿತ ಚಿಪ್ಪನ್ನೂ ಪಕ್ಕದಲ್ಲಿಟ್ಟರೆ ಕಣ್ಣಿಗೆ ಭೇದವು ಸುಲಭವಾಗಿ ತೋರದು. ವೇದಾಂತಿಗಳು ಶುಕ್ತಿಯಲ್ಲಿ ರಜತವನ್ನು ಕಾಣುವ ಭ್ರಮವನ್ನು ಹೇಳುವರು. ಇಲ್ಲಿ ಒಂದು ಶುಕ್ತಿಯಲ್ಲಿ ಮತ್ತೊಂದು ಶುಕ್ತಿಯನ್ನು ಕಂಡಂತಾಯಿತು.

ಆದರೆ ಬಾಳಿನ ರೀತಿಯನ್ನು ಪರೀಕ್ಷಿಸಿದಾಗ ಭೇದವು ವ್ಯಕ್ತವಾಯಿತು. ಕೀಲಿನ ಚಮಚದಾಕಾರದ ಭಾಗವನ್ನು ಸೀಳಿ ನೋಡಿದರೆ, ಮರದ ಕಾಂಡದಲ್ಲಿರುವಂತೆ ವರ್ಷವರ್ಷದ ಬೆಳವಣಿಗೆಯ ಗೆರೆಗಳು ಕಾಣುವುವು. ಉತ್ತರದ ದೃಢತಮವು 30 ವರ್ಷಗಳಿಗೂ ಮೇಲ್ಪಟ್ಟು ಬದುಕಿ ಸುಮಾರು 22 ಸೆಂಟಿಮೀಟರು ಉದ್ದಕ್ಕೆ ಬೆಳೆಯಬಲ್ಲದು. ಜಾರ್ಜಿಯದ ತೀರದಲ್ಲಿ ಪರೀಕ್ಷಿಸಿದ ಸದೃಶದ ಆಯುಸ್ಸು ಐದಾರು ವರ್ಷಗಳನ್ನು ಮೀರದು. ಉತ್ತರದ್ದು ಬೇಸಗೆಯಿಂದ ಶರತ್ಕಾಲದವರೆಗೆ ಸಂತಾನವನ್ನು ಬಿಡುವುದು, ದಕ್ಷಿಣದ್ದು ವಸಂತದಲ್ಲಿ.

2005ರಲ್ಲಿ ಹೇರ್ ಮತ್ತು ವೈನ್‌ಬರ್ಗ್ ಎಂಬ ಸಂಶೋಧಕರು ಎರಡರ ವಂಶವಾಹಿದ್ರವ್ಯವನ್ನು ಹೋಲಿಸಿ, ಇವು ಬಹುಕಾಲದ ಹಿಂದೆಯೇ ಅಗಲಿದ ಎರಡು ಪ್ರತ್ಯೇಕ ಶಾಖೆಗಳೆಂಬುದನ್ನು ತೋರಿಸಿದರು. 2010ರ ಪರಿಶೋಧನೆಯಲ್ಲಿ ಸದೃಶವು ತನ್ನ ಎಲ್ಲೆಯೆಂದು ತಿಳಿದಿದ್ದ ಪ್ರದೇಶಕ್ಕೂ ಉತ್ತರದಲ್ಲಿ, ಲಾಂಗ್ ಐಲೆಂಡ್ ಕಡಲತೋಳಿನಲ್ಲಿಯೂ ಮ್ಯಾಸಚೂಸೆಟ್ಸಿನ ದಕ್ಷಿಣತೀರದಲ್ಲಿಯೂ ಇರುವುದು ಕಂಡುಬಂದಿತು. ದೇಶಭೇದದಿಂದಲೇ ಜಾತಿಯನ್ನು ಗುರುತಿಸುವ ಅಭ್ಯಾಸವೂ ಇದರಿಂದ ಸಡಿಲವಾಯಿತು. ಉಪಜಾತಿಯೆಂಬ ಮೂರು ಪದಗಳ ಹೆಸರು ಈಚಿನ ಗ್ರಂಥಗಳಲ್ಲಿ ಉಳಿದಿದ್ದರೂ, ಭೇದವಿದೆಯೆಂಬ ಸೇಯ ಅಭಿಪ್ರಾಯವೇ ಸ್ಥಿರಪಟ್ಟಿತು. ಮೊದಲ ಹೆಸರಿಗೇ ಮಾನ್ಯತೆಯೆಂಬ ಪೂರ್ವತ್ವನಿಯಮದಿಂದ ಕಾನ್ರಾಡನ ಹೆಸರಿಗಿಂತ ಸೇಯ ಹೆಸರಿಗೇ ಮನ್ನಣೆ.

ಇದು ಕೇವಲ ಪದವಿವಾದವಲ್ಲ. ತೆರೆಚಿಪ್ಪು ಅಮೇರಿಕದಲ್ಲಿ ದೊಡ್ಡ ವ್ಯಾಪಾರದ ವಸ್ತು. ಅದರ ಹಿಡಿತಕ್ಕೆ 1977ರಲ್ಲಿ ವ್ಯವಸ್ಥೆಯೊಂದು ಏರ್ಪಟ್ಟಿತು. ಮಾರಬಹುದಾದ ಪಾಲುಗಳನ್ನು ಹಡಗಿನವರಿಗೆ ಹಂಚುವ ಕ್ರಮವು ಆ ದೇಶದ ಕೇಂದ್ರಸರ್ಕಾರದ ಮೀನುಗಾರಿಕೆಗಳಲ್ಲಿ ಮೊದಲು ಜಾರಿಗೆ ಬಂದುದು 1990ರಲ್ಲಿ, ಈ ಜೀವಿ ಮತ್ತು ಇದರೊಂದಿಗೆ ಹಿಡಿಯುವ ಇನ್ನೊಂದು ಚಿಪ್ಪಿನ ವಿಷಯದಲ್ಲಿಯೇ. ಇಂಥ ವ್ಯವಸ್ಥೆಗೆಲ್ಲ ಜಾತಿಯ ಆಯುಸ್ಸು, ಬೆಳವಣಿಗೆಗಳೇ ಆಧಾರ. ಎರಡನ್ನೂ ಒಂದೇ ಎಂದು ಎಣಿಸಿದರೆ, ಮುದಿಯಾದ ಸದೃಶವು ಎಳೆಯ ದೃಢತಮವಾಗಿ ಲೆಕ್ಕಕ್ಕೆ ಬರುವುದು. ಮುಂದೆ ದೊಡ್ಡದಾಗುವುದೆಂದು ಕಾಯುವವರಿಗೆ ಅದು ಎಂದೂ ದೊಡ್ಡದಾಗದು. ಅತಿವ್ಯಾಪ್ತಿದೋಷದ ಫಲವನ್ನು ಪುಸ್ತಕವಲ್ಲದೆ ಕಡಲೂ ಅನುಭವಿಸಬೇಕಾಗುವುದು.

ಪ್ರಾಚೀನಗ್ರಂಥಗಳ ಸಂಪಾದಕರಿಗೂ ಈ ಪ್ರಸಂಗದಲ್ಲಿ ಗ್ರಾಹ್ಯವಾದ ಅಂಶವಿದೆ. ಒಂದೇ ಹೆಸರಿನ ಇಬ್ಬರು ಕವಿಗಳನ್ನು ಒಬ್ಬನೆಂದೂ, ಹೋಲುವ ಎರಡು ಪಾಠಗಳನ್ನು ಒಂದರ ಅಪಭ್ರಂಶವೆಂದೂ ನಿರ್ಣಯಿಸುವ ಮುನ್ನ, ಹೋಲಿಕೆಯ ಧರ್ಮಗಳನ್ನು ಎಣಿಸುವಂತೆಯೇ ಭೇದದ ಧರ್ಮಗಳನ್ನೂ ಎಣಿಸಬೇಕು. ಸೇಯ ಹೆಸರು ನಿಯಮದ ಬಲದಿಂದ ಗ್ರಂಥಗಳಲ್ಲಿ ಉಳಿದುಬಂದಿತು; ಆದಕಾರಣ ಪ್ರಮಾಣವು ದೊರೆತಾಗ ಅದನ್ನು ಹೊಸದಾಗಿ ಹುಡುಕಬೇಕಾಗಲಿಲ್ಲ. ತಿರಸ್ಕೃತವಾದ ಪಾಠವನ್ನೂ ಅಡಿಟಿಪ್ಪಣಿಯಲ್ಲಿ ಕಾಪಾಡುವ ಸಂಪ್ರದಾಯಕ್ಕೆ ಇದಕ್ಕಿಂತ ಬೇರೆ ಸಮರ್ಥನೆ ಬೇಕಾಗದು.